ಹರಿದ ಮಂಡಿರಜ್ಜಿಗೆ ಮದ್ದು

2022ರ ಡಿಸೆಂಬರ್ 30ರ ಮುಂಜಾವದಲ್ಲಿ ರೂರ್ಕಿಯ ಸಮೀಪ ಕಾರಿನ ಅಪಘಾತಕ್ಕೆ ಸಿಕ್ಕಿ ಪ್ರಾಣಸಹಿತ ಪಾರಾದ ಕ್ರಿಕೆಟ್ ಆಟಗಾರ ರಿಷಭ್ ಪಂತರನ್ನು ಡೆಹ್ರಾಡೂನಿನಿಂದ ವಿಮಾನದಲ್ಲಿ ಮುಂಬಯಿಗೆ ಕರೆತಂದುದೂ, ಅಂಧೇರಿಯ ಕೋಕಿಲಾಬೆನ್ ಆಸ್ಪತ್ರೆಯಲ್ಲಿ ಡಾ. ದಿನ್‌ಶಾ ಪಾರ್ಡಿವಾಲಾ ಅವರು ಪಂತರ ಬಲಮಂಡಿಯ ಹರಿದ ಅಸ್ಥಿರಜ್ಜುಗಳಿಗೆ ಶಸ್ತ್ರಕ್ರಿಯೆ ನಡೆಸಿದುದೂ ದೇಶಕ್ಕೆಲ್ಲ ತಿಳಿದ ಸಂಗತಿ. ಪಂತರು ಮತ್ತೆ ಪಂದ್ಯಕ್ಕಿಳಿದದ್ದು 2024ರ ಮಾರ್ಚ್ ತಿಂಗಳಿನಲ್ಲಿ. ಶಸ್ತ್ರಕ್ರಿಯೆಯೆಂಬುದು ಕೆಲವು ಗಂಟೆಗಳ ಕಾರ್ಯ; ಅದರ ಬೆನ್ನಿಗೆ ಬಂದ, ಬೆಂಗಳೂರಿನ ರಾಷ್ಟ್ರೀಯ ಕ್ರಿಕೆಟ್ ಅಕಾಡೆಮಿಯ ವ್ಯಾಯಾಮಶಾಲೆಯ ದಿನಗಳನ್ನೂ ಒಳಗೊಂಡ, ಹದಿನಾಲ್ಕು ತಿಂಗಳುಗಳ ದುಡಿಮೆಯಾದರೋ ಜನರ ಸ್ಮರಣೆಯಲ್ಲಿ ನಿಲ್ಲಲಿಲ್ಲ. ಮಂಡಿಯ ಗಾಯದ ವಿಷಯದಲ್ಲಿ ನಮ್ಮ ಸಾಮಾನ್ಯ ತಿಳಿವಳಿಕೆಯ ಕೊರತೆಯೆಲ್ಲ ಈ ಒಂದು ಮರೆವಿನಲ್ಲಿ ಅಡಗಿದೆಯೆಂದು ನನಗೆ ತೋರುತ್ತದೆ.

ತೊಡೆಯೆಲುಬನ್ನೂ ಅದರ ಕೆಳಗಿನ ಜಂಘಾಸ್ಥಿಯನ್ನೂ ಒಂದರ ಮೇಲೊಂದು ನಿಲ್ಲಿಸಿ ಹಿಡಿದಿರತಕ್ಕ ಮುಖ್ಯ ರಜ್ಜುಗಳು ನಾಲ್ಕು: ಒಳಮಗ್ಗುಲಿಗೊಂದು, ಹೊರಮಗ್ಗುಲಿಗೊಂದು, ಕೀಲಿನ ನಡುವೆ ಕತ್ತರಿಯಂತೆ ಅಡ್ಡಹಾಯ್ದ ಎರಡು. ಈ ನಡುವಿನವುಗಳಲ್ಲಿ ಮುಂದಿನದೇ ಎ.ಸಿ.ಎಲ್.; ಮೂರು ಸೆಂಟಿಮೀಟರಿಗಿಂತ ತುಸು ಉದ್ದವಾದ ಈ ರಜ್ಜು, ಜಂಘಾಸ್ಥಿ ಮುಂದಕ್ಕೆ ಜಾರದಂತೆಯೂ ಪಾದ ನೆಲಕ್ಕೆ ಕಚ್ಚಿರುವಾಗ ಮೈ ತಿರುಗಿದರೆ ಮಂಡಿ ತಿರುಚಿಕೊಳ್ಳದಂತೆಯೂ ಕಾಯುತ್ತದೆ. ಮುಂಬಯಿಯಂಥ ನಗರದಲ್ಲಿ ಇದು ಹರಿಯುವುದಕ್ಕೆ ಅವಕಾಶಗಳು ಹೇರಳ. ಇನ್ನೂ ನಿಲ್ಲದ ಲೋಕಲ್ ಗಾಡಿಯಿಂದ ಪ್ಲಾಟ್‌ಫಾರ್ಮಿಗೆ ಧುಮುಕುವ ತರುಣ, ಪರೇಲ್ ಲಾಲ್‌ಬಾಗ್‌ಗಳ ಅಂಗಳದಲ್ಲಿ ಹಿಡಿದವರಿಂದ ಕೊಸರಿಕೊಂಡು ನಡುಗೆರೆಯತ್ತ ಚಾಚುವ ಕಬಡ್ಡಿ ಪಟು, ಗೋಕುಲಾಷ್ಟಮಿಯ ಮರುದಿನ ಮೊಸರುಗಡಿಗೆಯ ಮಾನವಗೋಪುರದಿಂದ ಉರುಳುವ ಗೋವಿಂದ, ಹಗಲೆಲ್ಲ ಹೋಟೆಲಿನಲ್ಲೋ ಕಚೇರಿಯಲ್ಲೋ ದುಡಿದು ರಾತ್ರಿ ಗೆಜ್ಜೆ ಕಟ್ಟಿ ದಿಗಿಣ ಹಾರುವ ನಮ್ಮ ಯಕ್ಷಗಾನ ಕಲಾವಿದ, ಇವರೆಲ್ಲರ ಮಂಡಿಯೂ ಒಂದೇ ಅಪಾಯದ ಅಂಚಿನಲ್ಲಿದೆ. ಮಳೆಗಾಲದ ಹೊಂಡದಲ್ಲಿ ಸ್ಕೂಟರ್ ಮಗುಚಿ, ಮಡಿಸಿದ ಮೊಣಕಾಲು ನೆಲಕ್ಕೆ ಬಡಿದಾಗಲಾದರೋ ಹೆಚ್ಚಾಗಿ ಪೆಟ್ಟಾಗುವುದು ಹಿಂದಿನ ರಜ್ಜಾದ ಪಿ.ಸಿ.ಎಲ್.ಗೆ.

ಎ.ಸಿ.ಎಲ್. ಹರಿದ ಗಳಿಗೆಯಲ್ಲಿ ಮಂಡಿಯೊಳಗೆ ಏನೋ ‘ಟಪ್’ ಎಂದ ಅನುಭವವಾಗಿ, ಕೆಲವೇ ಗಂಟೆಗಳಲ್ಲಿ ಕೀಲು ರಕ್ತದಿಂದ ಬಾತುಕೊಳ್ಳುವುದುಂಟು. ಅಂದು ಮಾಡತಕ್ಕದ್ದು ಇಷ್ಟೆ: ಆಟ ನಿಲ್ಲಿಸುವುದು, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಇಡುವುದು, ಕಾಲನ್ನು ದಿಂಬಿನ ಮೇಲೆ ಎತ್ತರಿಸುವುದು. ಬಿಸಿಯೆಣ್ಣೆ ಹಚ್ಚಿ ನೀವುವವರ ಬಳಿಗೆ, ಮೂಳೆ ಕೂಡಿಸುವ ನಾಟಿವೈದ್ಯರ ಬಳಿಗೆ, ಅಂಥ ದಿನ ಹೋಗಲೇಬಾರದು. ನೀವಿದಷ್ಟೂ ಬಾವು ಹೆಚ್ಚುತ್ತದೆ. ಮಂಡಿಯ ಕೀಲೇ ತಪ್ಪಿ ಹಲವು ರಜ್ಜುಗಳು ಒಟ್ಟಿಗೆ ಹರಿದಿದ್ದರೆ ಅದರ ಹಿಂದೆ ಹಾದುಹೋಗುವ ಧಮನಿಗೂ ಪೆಟ್ಟಾಗಿರಬಹುದು. ಆದುದರಿಂದ ಪಾದ ತಣ್ಣಗಾಗಿ ಬೆರಳುಗಳು ಬಿಳಿಚಿಕೊಂಡರೆ ಒಂದು ಗಳಿಗೆಯನ್ನೂ ಕಳೆಯದೆ ಕೆ.ಇ.ಎಂ., ಸಾಯನ್, ನಾಯರ್‌ಗಳಂಥ ದೊಡ್ಡ ಆಸ್ಪತ್ರೆಗೆ ಓಡಬೇಕು. ರಕ್ತಸಂಚಾರವನ್ನು ಆರೆಂಟು ಗಂಟೆಗಳೊಳಗೆ ಸರಿಪಡಿಸದಿದ್ದರೆ ಕಾಲನ್ನೇ ಕಳೆದುಕೊಳ್ಳುವ ಸಂಭವವುಂಟು.

ಪರೀಕ್ಷೆಯ ಮಾತಿಗೆ ಬಂದರೆ, ಎಂ.ಆರ್.ಐ. ಚಿತ್ರಕ್ಕಿಂತ ಮೊದಲು ನುರಿತ ವೈದ್ಯನ ಎರಡು ಕೈಗಳು ಬಹಳಷ್ಟನ್ನು ಹೇಳಬಲ್ಲವು. ರೋಗಿಯನ್ನು ಅಂಗಾತ ಮಲಗಿಸಿ, ಮಂಡಿಯನ್ನು ಇಪ್ಪತ್ತು ಮೂವತ್ತು ಡಿಗ್ರಿಗಳಷ್ಟು ಮಾತ್ರ ಮಡಿಸಿ, ಒಂದು ಕೈಯಿಂದ ತೊಡೆಯನ್ನು ಅಲುಗದಂತೆ ಹಿಡಿದು, ಇನ್ನೊಂದರಿಂದ ಮೀನಖಂಡದ ಮೇಲ್ಭಾಗವನ್ನು ಮುಂದಕ್ಕೆ ಸೆಳೆಯುತ್ತಾರೆ. ರಜ್ಜು ನೆಟ್ಟಗಿದ್ದರೆ ಎಲುಬು ತುಸುವೇ ಸರಿದು ತಟ್ಟನೆ ನಿಲ್ಲುತ್ತದೆ. ಹರಿದಿದ್ದರೆ ತಡೆಯೇ ಇಲ್ಲದಂತೆ ಮೆತ್ತಗೆ ಮುಂದೆ ಜಾರುತ್ತದೆ. ಲಾಕ್‌ಮನ್ ಪರೀಕ್ಷೆಯೆಂದು 1976ರಿಂದ ವೈದ್ಯಲೋಕ ಬಲ್ಲ ಈ ಕ್ರಮಕ್ಕೆ ಯಂತ್ರದ ಹಂಗಿಲ್ಲ, ಖರ್ಚಿಲ್ಲ.

ಚಿಕಿತ್ಸೆ ಯಾವುದೆಂಬ ಪ್ರಶ್ನೆಗೆ ಎಲ್ಲ ರಜ್ಜುಗಳಿಗೂ ಸಲ್ಲುವ ಒಂದೇ ಉತ್ತರವಿಲ್ಲ. ಒಳಮಗ್ಗುಲಿನ ರಜ್ಜಿಗೆ ರಕ್ತದ ಪೂರೈಕೆ ಚೆನ್ನಾಗಿರುವುದರಿಂದ, ಅದೊಂದೇ ಹರಿದಿದ್ದರೆ, ಕೀಲುಳ್ಳ ಬ್ರೇಸ್ ಧರಿಸಿ ಕ್ರಮವಾಗಿ ವ್ಯಾಯಾಮ ಮಾಡಿದಲ್ಲಿ ಬಹುತೇಕ ತಾನಾಗಿಯೇ ಕೂಡಿಕೊಳ್ಳುತ್ತದೆ. ಪಿ.ಸಿ.ಎಲ್. ಒಂದೇ ಗಾಯಗೊಂಡಾಗಲೂ ಅನೇಕರಿಗೆ ಶಸ್ತ್ರದ ಅಗತ್ಯ ಬೀಳದು. ಹೊರಮಗ್ಗುಲಿನ ಹಿಂಬದಿಯ ಕಟ್ಟು ಪೂರ್ತಿ ಕಿತ್ತುಹೋಗಿದ್ದರೆ ಮಾತ್ರ ಮೂರು ವಾರಗಳೊಳಗೆ ಸರಿಪಡಿಸುವುದು ಮೇಲು. ಎ.ಸಿ.ಎಲ್.ನ ಕಥೆ ಬೇರೆ. ಜಗ್ಗಿ ಹರಿದ ತೆಂಗಿನ ನಾರಿನ ಹುರಿಯಂತೆ ಅದರ ತುದಿಗಳು ಕೆದರಿಹೋಗುತ್ತವೆ; ಕೂಡಿಕೆಗೆ ಬೇಕಾದ ರಕ್ತದ ಹೆಪ್ಪು ಅಲ್ಲಿ ನಿಲ್ಲದೆ ಕೀಲಿನ ದ್ರವದಲ್ಲಿ ಕರಗಿಹೋಗುತ್ತದೆ. 1895ರಷ್ಟು ಹಿಂದೆಯೇ ಇಂಗ್ಲೆಂಡಿನ ಲೀಡ್ಸ್ ನಗರದಲ್ಲಿ ಮೇಯೊ ರಾಬ್ಸನ್ ಎಂಬ ಶಸ್ತ್ರವೈದ್ಯರು ಹರಿದ ರಜ್ಜನ್ನು ಹೊಲಿದು ನೋಡಿದ್ದರು. ಆದರೆ ಬರಿಯ ಹೊಲಿಗೆ ಬಹುಮಂದಿಯಲ್ಲಿ ಬಾಳುವುದಿಲ್ಲವೆಂದು ಕ್ರಮೇಣ ತಿಳಿದುಬಂದಿತಾಗಿ, ರೋಗಿಯ ತೊಡೆಯ ಹಿಂಭಾಗದಿಂದಲೋ ಮಂಡಿಚಿಪ್ಪಿನ ಕೆಳಗಿನಿಂದಲೋ ಸ್ನಾಯುಬಂಧದ ಒಂದು ತುಂಡನ್ನು ತೆಗೆದು, ದೂರದರ್ಶಕದಂಥ ಆರ್ತ್ರೋಸ್ಕೋಪಿನ ನೆರವಿನಿಂದ ಎಲುಬುಗಳಲ್ಲಿ ಸುರಂಗ ಕೊರೆದು, ಹೊಸ ರಜ್ಜನ್ನು ಕೂಡಿಸುವ ಪುನಾರಚನೆಯೇ ಇಂದಿನ ಪದ್ಧತಿಯಾಗಿದೆ.

ಹಾಗೆಂದ ಮಾತ್ರಕ್ಕೆ ಎ.ಸಿ.ಎಲ್. ಹರಿದವರೆಲ್ಲರೂ ಶಸ್ತ್ರಶಾಲೆಗೆ ಹೋಗಲೇಬೇಕೆ? ಸ್ವೀಡನ್ನಿನಲ್ಲಿ 121 ಮಂದಿ ಚಟುವಟಿಕೆಯ ತರುಣ ತರುಣಿಯರನ್ನು ಎರಡು ತಂಡಗಳಾಗಿ ವಿಂಗಡಿಸಿ, ಒಂದಕ್ಕೆ ಬೇಗನೆ ಪುನಾರಚನೆಯನ್ನೂ ವ್ಯಾಯಾಮವನ್ನೂ, ಇನ್ನೊಂದಕ್ಕೆ ಮೊದಲು ವ್ಯಾಯಾಮವನ್ನೂ ಅಗತ್ಯಬಿದ್ದರೆ ಮಾತ್ರ ಪುನಾರಚನೆಯನ್ನೂ ನೀಡಿ ನಡೆಸಿದ ಅಧ್ಯಯನವೊಂದು 2010ರಲ್ಲಿ ಪ್ರಕಟವಾಯಿತು. ಎರಡು ವರ್ಷಗಳ ಕೊನೆಗೆ ಮಂಡಿಯ ಸ್ಥಿತಿಯ ಬಗ್ಗೆ ಎರಡು ತಂಡಗಳವರೂ ಹೇಳಿಕೊಂಡುದರಲ್ಲಿ ಗಣನೀಯ ಅಂತರವಿರಲಿಲ್ಲ; ಎರಡನೆಯ ತಂಡದ ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಷ್ಟರಲ್ಲಿ ಶಸ್ತ್ರಕ್ರಿಯೆ ಬೇಕಾಗಿಯೇ ಇರಲಿಲ್ಲ. ಐದು ವರ್ಷಗಳ ವೇಳೆಗೆ ಆ ತಂಡದಲ್ಲಿಯೂ ಸುಮಾರು ಅರ್ಧದಷ್ಟು ಮಂದಿ ಅದನ್ನು ಮಾಡಿಸಿಕೊಂಡಿದ್ದರೆಂಬುದೂ ನೆನಪಿನಲ್ಲಿರಬೇಕು. ಆದಕಾರಣ ನಿರ್ಣಯಿಸತಕ್ಕದ್ದು ವರದಿಯ ಕಾಗದವಲ್ಲ, ಮಂಡಿಯ ನಡತೆ. ದಾದರಿನ ಮೇಲುಸೇತುವೆಯ ಮೆಟ್ಟಿಲಿಳಿಯುವಾಗ, ಗುಂಪಿನಲ್ಲಿ ಪಕ್ಕಕ್ಕೆ ತಿರುಗುವಾಗ ಮಂಡಿ ಮತ್ತೆಮತ್ತೆ ಕೈಕೊಡುವುದಾದರೆ, ಕಬಡ್ಡಿಗೋ ರಂಗದ ಕುಣಿತಕ್ಕೋ ಮರಳಲೇಬೇಕಾಗಿದ್ದರೆ, ಮೆನಿಸ್ಕಸ್ ಎಂಬ ಮೃದ್ವಸ್ಥಿಯ ಬಿಲ್ಲೆಯೂ ಹರಿದು ಮಂಡಿ ನೀಡಲಾಗದಂತೆ ಸಿಕ್ಕಿಬಿದ್ದಿದ್ದರೆ, ತಡಮಾಡದಿರುವುದೇ ಲೇಸು. ಕೈಕೊಡುವ ಮಂಡಿಯ ಮೇಲೆಯೇ ವರ್ಷಗಟ್ಟಲೆ ನಡೆದರೆ ಆ ಬಿಲ್ಲೆ ಸವೆದು ಹರಿಯುತ್ತದೆ. ಕುಳಿತು ಮಾಡುವ ಕೆಲಸ, ಸಮತಟ್ಟಾದ ದಾರಿಯ ನಡಿಗೆ, ಇಷ್ಟರಲ್ಲೇ ತೃಪ್ತಿಪಡುವ ನಡುವಯಸ್ಸಿನವರು ಮೂರು ತಿಂಗಳು ಶ್ರದ್ಧೆಯಿಂದ ವ್ಯಾಯಾಮ ಮಾಡಿ ನೋಡಿ ಆಮೇಲೆ ತೀರ್ಮಾನಿಸಬಹುದು.

ಯಾವ ಹಾದಿ ಹಿಡಿದರೂ ವ್ಯಾಯಾಮ ತಪ್ಪದು. ಹಿಮ್ಮಡಿಯ ಕೆಳಗೆ ಸುರುಳಿ ಸುತ್ತಿದ ಟವೆಲನ್ನಿಟ್ಟು, ತೊಡೆಯ ಮುಂಭಾಗದ ಸ್ನಾಯುವನ್ನು ಬಿಗಿಹಿಡಿದು, ಮಂಡಿಯ ಹಿಂಬದಿಯನ್ನು ಹಾಸಿಗೆಯತ್ತ ಒತ್ತುವ ಆ ಸಣ್ಣ ಅಭ್ಯಾಸವನ್ನು ಮೊದಲ ವಾರದಲ್ಲಿ ಬಿಟ್ಟವನ ಕಾಲು ಮುಂದೆಂದೂ ಪೂರ್ತಿ ನೆಟ್ಟಗಾಗದೆ ಉಳಿಯಬಹುದು. ಕಸಿ ಮಾಡಿದ ರಜ್ಜು ಮೊದಲ ಕೆಲವು ತಿಂಗಳುಗಳಲ್ಲಿ, ನೋವೆಲ್ಲ ಶಮನವಾಗಿ ರೋಗಿಗೆ ತಾನು ಗುಣವಾದೆನೆಂಬ ಭರವಸೆ ಹುಟ್ಟುವ ಹೊತ್ತಿಗೇ, ಅತ್ಯಂತ ದುರ್ಬಲವಾಗಿರುತ್ತದೆ. ಒಂಬತ್ತು ತಿಂಗಳಿಗೆ ಮುಂಚೆ ಅಂಗಳಕ್ಕಿಳಿದವರ ಮಂಡಿ ಮರಳಿ ಗಾಯಗೊಳ್ಳುವ ಸಂಭವ ಬಹಳ ಹೆಚ್ಚೆಂಬುದು ನಾರ್ವೆಯ ಸಂಶೋಧಕರು 2016ರಲ್ಲಿ ಕಂಡುಕೊಂಡ ವಿಷಯ.

ಮುಂಬಯಿಯ ನಮ್ಮವರಿಗೆ ಕಷ್ಟವಿರುವುದೂ ಈ ವ್ಯಾಯಾಮದ ವಿಷಯದಲ್ಲಿಯೇ. ಹಾಜಿ ಅಲಿಯ ಬಳಿ 1955ರಿಂದ ಪುನಶ್ಚೇತನಕ್ಕೆಂದೇ ಒಂದು ಅಖಿಲ ಭಾರತ ಸಂಸ್ಥೆಯಿದೆ, ಮಹಾನಗರಪಾಲಿಕೆಯ ದೊಡ್ಡ ಆಸ್ಪತ್ರೆಗಳಲ್ಲಿ ಫಿಸಿಯೋಥೆರಪಿ ವಿಭಾಗಗಳಿವೆ. ಆದರೆ ಡೊಂಬಿವಲಿಯಿಂದಲೋ ವಿರಾರಿನಿಂದಲೋ ಊರುಗೋಲು ಹಿಡಿದವನೊಬ್ಬ ಕಿಕ್ಕಿರಿದ ಗಾಡಿಯಲ್ಲಿ ವಾರಕ್ಕೆ ಮೂರು ಸಲ ಅಲ್ಲಿಗೆ ಬರುವುದು ಸುಲಭವೇ? ಲಕ್ಷಗಟ್ಟಲೆ ಸಾಲಮಾಡಿ ಶಸ್ತ್ರಕ್ರಿಯೆ ಮಾಡಿಸಿಕೊಂಡ ಎಷ್ಟೋ ಮಂದಿ ಆರನೆಯ ವಾರಕ್ಕೇ ವ್ಯಾಯಾಮ ಕೈಬಿಡುವುದು ಸೋಮಾರಿತನದಿಂದಲ್ಲ, ದೂರದಿಂದ. ಮಾಟುಂಗಾದ ಮೈಸೂರು ಅಸೋಸಿಯೇಶನ್, ಮಾಹಿಮಿನ ಕರ್ನಾಟಕ ಸಂಘ ಮೊದಲ್ಗೊಂಡು ಉಪನಗರಗಳ ಚಿಕ್ಕ ಕನ್ನಡ ತುಳು ಸಂಘಗಳವರೆಗೆ ನಮ್ಮವರು ಇಲ್ಲಿ ಕಟ್ಟಿಕೊಂಡಿರುವ ಸಂಸ್ಥೆಗಳು ಹಲವು. ಇವುಗಳ ಪದಾಧಿಕಾರಿಗಳಲ್ಲಿ ನನ್ನ ಬಿನ್ನಹವಿಷ್ಟೆ: ಸಭಾಂಗಣದ ಬಾಗಿಲನ್ನು ವಾರದಲ್ಲಿ ಎರಡು ಮುಂಜಾನೆ ತೆರೆದು, ಒಬ್ಬ ಫಿಸಿಯೋಥೆರಪಿಸ್ಟರನ್ನು ಗೊತ್ತುಮಾಡಿ, ಒಂದಷ್ಟು ಚಾಪೆ ಟವೆಲುಗಳನ್ನು ಒದಗಿಸಿಕೊಡಿ, ಮಂಡಿಯ ವ್ಯಾಯಾಮಕ್ಕೆ ಮೊದಲ ತಿಂಗಳುಗಳಲ್ಲಿ ಅದಕ್ಕಿಂತ ಹೆಚ್ಚಿನ ಸಲಕರಣೆ ಬೇಕಾಗುವುದಿಲ್ಲ.