ಅಗ್ಗದ ಆಂಡ್ರಾಯ್ಡ್ ಫೋನ್: ಕೊಳ್ಳುವ ಮುನ್ನ ಹೊಲದ ಪರೀಕ್ಷೆ

ಬಿತ್ತನೆ ಬೀಜ ತಂದ ರೈತ ಅದನ್ನು ನೇರವಾಗಿ ಕೂರಿಗೆಗೆ ಸುರಿಯುವುದಿಲ್ಲ. ನೂರು ಕಾಳು ಎಣಿಸಿ, ಒದ್ದೆ ಗೋಣಿತಾಟಿನಲ್ಲಿ ಸುತ್ತಿಟ್ಟು, ಎಷ್ಟು ಮೊಳೆತವೆಂದು ನೋಡಿಕೊಂಡ ಮೇಲೆಯೇ ಬಿತ್ತನೆಯ ಪ್ರಮಾಣವನ್ನು ನಿರ್ಧರಿಸುತ್ತಾನೆ. ಚೀಲದ ಮೇಲಿನ ಚಿತ್ರ ಎಷ್ಟೇ ಅಂದವಾಗಿರಲಿ, ಮೊಳಕೆಯ ಲೆಕ್ಕವೇ ಕೊನೆಯ ಮಾತು. ಆದರೆ ಏಳೆಂಟು ಸಾವಿರ ರೂಪಾಯಿ ಕೊಟ್ಟು ಸ್ಮಾರ್ಟ್‌ಫೋನ್ ಕೊಳ್ಳುವಾಗ ಇದೇ ರೈತ ಪೆಟ್ಟಿಗೆಯ ಮೇಲೆ ಅಚ್ಚಾದ ಅಂಕಿಗಳನ್ನು ನಂಬಿ ಹಣ ಎಣಿಸಿ ಬರುವುದುಂಟು.

ಇಂದು ಫೋನ್ ಕೇವಲ ಮಾತಿನ ಸಾಧನವಾಗಿ ಉಳಿದಿಲ್ಲ. ಕರ್ನಾಟಕದಲ್ಲಿ 2020ರಿಂದ ರೈತರೇ ತಮ್ಮ ಜಮೀನಿನ ಬೆಳೆ ವಿವರವನ್ನು ಫೋನ್ ಮೂಲಕ ದಾಖಲಿಸಲು ಅವಕಾಶ ಕಲ್ಪಿಸಲಾಗಿದೆ. ಪಹಣಿಯ ಬೆಳೆ ಕಾಲಂ, ಬೆಳೆ ವಿಮೆ, ಬೆಂಬಲ ಬೆಲೆಯ ಖರೀದಿ, ಬೆಳೆ ನಷ್ಟದ ಪರಿಹಾರ ಇವೆಲ್ಲಕ್ಕೂ ಬೆಳೆ ಸಮೀಕ್ಷೆಯ ಮಾಹಿತಿ ಆಧಾರವಾಗುತ್ತದೆ. 2019ರಲ್ಲಿ ಬಂದ ಮೇಘದೂತ್ ಆ್ಯಪ್ ಹವಾಮಾನ ಆಧಾರಿತ ಸಲಹೆ ನೀಡುತ್ತದೆ. ಬ್ಯಾಂಕಿನ ವ್ಯವಹಾರಕ್ಕೆ ಬೇಕಾದ ಗುಪ್ತಸಂಖ್ಯೆಯೂ ಫೋನಿಗೇ ಬರುತ್ತದೆ. ಆದುದರಿಂದ ಫೋನನ್ನು ನೇಗಿಲು, ಪಂಪುಸೆಟ್ಟುಗಳಂತೆ ಕೃಷಿ ಉಪಕರಣವೆಂದು ಪರಿಗಣಿಸಿ ಪರೀಕ್ಷಿಸತಕ್ಕದ್ದು.

ಅಂಗಡಿಯವರು ಫೋನನ್ನು ಹೊಲಕ್ಕೆ ಒಯ್ಯಲು ಕೊಡುವುದಿಲ್ಲ ನಿಜ. ಆದರೆ ಅದೇ ಮಾದರಿಯ ಫೋನ್ ನೆರೆಹೊರೆಯವರಲ್ಲಿ ಇರುವುದುಂಟು. ಅರ್ಧ ದಿನ ಅದನ್ನು ಕೇಳಿ ಪಡೆದರೆ ಕೆಳಗಿನ ಪರೀಕ್ಷೆಗಳಲ್ಲಿ ಬಹುಪಾಲು ಮುಗಿಯುತ್ತವೆ. ಅದು ಸಾಧ್ಯವಾಗದಿದ್ದರೆ, ಹಿಂದಿರುಗಿಸುವ ಅವಧಿ ಎಷ್ಟು ದಿನವೆಂದು ಮೊದಲೇ ಕೇಳಿ, ರಸೀತಿ ಪಡೆದು, ಆ ಅವಧಿಯೊಳಗೆ ಪರೀಕ್ಷೆ ಮುಗಿಸಬೇಕು.

1. ಸಿಗ್ನಲ್

ಮೊದಲ ಪರೀಕ್ಷೆ ಇದೇ. ಸಿಗ್ನಲ್ ಇಲ್ಲದ ಕಡೆ ಉಳಿದ ಗುಣಗಳಿಂದ ಹೆಚ್ಚು ಪ್ರಯೋಜನವಿಲ್ಲ. ಪರದೆಯ ಮೇಲಿನ ಕಡ್ಡಿಗಳನ್ನು ಮಾತ್ರ ನಂಬಬಾರದು. ಒಂದೊಂದು ಕಂಪನಿಯ ಫೋನ್ ಅವುಗಳನ್ನು ಒಂದೊಂದು ರೀತಿ ತೋರಿಸುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಫೋನಿನ ವಿವರ, ಅದರೊಳಗೆ ಸಿಮ್ ಸ್ಥಿತಿ ಎಂಬಲ್ಲಿ ಸಿಗ್ನಲ್ ಬಲವನ್ನು ಡಿ.ಬಿ.ಎಂ. ಎಂಬ ಅಳತೆಯಲ್ಲಿ ಕಾಣಬಹುದು. ಇದು ಋಣ ಸಂಖ್ಯೆ. ಸೊನ್ನೆಗೆ ಹತ್ತಿರವಾದಷ್ಟೂ ಉತ್ತಮ. 4ಜಿಯಲ್ಲಿ –90 ಅಥವಾ ಅದಕ್ಕಿಂತ ಮೇಲಿದ್ದರೆ ಒಳ್ಳೆಯದು. –110ಕ್ಕಿಂತ ಕೆಳಗಿಳಿದರೆ ದುರ್ಬಲ. ಮನೆಯ ಒಳಗೆ, ಪಂಪ್‌ಹೌಸಿನ ಬಳಿ ಮತ್ತು ಜಮೀನಿನ ದೂರದ ಅಂಚಿನಲ್ಲಿ ಹೀಗೆ ಮೂರು ಕಡೆ ಅಳೆದು ಬರೆದಿಡಬೇಕು. ಸಿಗ್ನಲ್ ದುರ್ಬಲವಾದಷ್ಟೂ ಫೋನ್ ಹೆಚ್ಚು ಶಕ್ತಿಯಿಂದ ಪ್ರಸಾರ ಮಾಡಬೇಕಾಗುವುದರಿಂದ ಬ್ಯಾಟರಿಯೂ ಬೇಗ ಇಳಿಯುತ್ತದೆ.

ಪ್ರೀಪೇಯ್ಡ್ ಸಿಮ್ಮನ್ನು ಊರಿನ ಸಿಗ್ನಲ್ ನೋಡಿ ಆರಿಸಬೇಕು. ಜಾಹೀರಾತು ನೋಡಿ ಅಲ್ಲ. ಜಿಯೋ ಜಾಲದಲ್ಲಿ 2ಜಿ ಇಲ್ಲ. 4ಜಿ ಅಥವಾ 5ಜಿ ಸಿಗದ ಕಡೆ ಕರೆಯೂ ಸಾಧ್ಯವಿಲ್ಲ. ಬಿ.ಎಸ್.ಎನ್.ಎಲ್. ತನ್ನ 4ಜಿ ಸೇವೆಗೆ 700 ಮೆಗಾಹರ್ಟ್ಸ್ ತರಂಗಾಂತರವನ್ನೂ ಬಳಸುತ್ತದೆ. ಕಡಿಮೆ ಮೆಗಾಹರ್ಟ್ಸ್‌ನ ತರಂಗ ಹೆಚ್ಚು ದೂರ ಸಾಗುತ್ತದೆ, ಗೋಡೆಯನ್ನೂ ಚೆನ್ನಾಗಿ ದಾಟುತ್ತದೆ. ಆದರೆ ಫೋನಿನಲ್ಲಿ ಬ್ಯಾಂಡ್ 28 ಇಲ್ಲದಿದ್ದರೆ ಗೋಪುರ ಹತ್ತಿರವಿದ್ದರೂ ಆ ತರಂಗ ಉಪಯೋಗಕ್ಕೆ ಬರುವುದಿಲ್ಲ. ಬ್ಯಾಂಡುಗಳ ಪಟ್ಟಿಯನ್ನು ಪೆಟ್ಟಿಗೆಯ ಮೇಲೆ ಅಥವಾ ತಯಾರಕರ ವಿವರ ಪತ್ರಿಕೆಯಲ್ಲಿ ಓದಿ ನೋಡಬೇಕು. ಊರಿಗೆ ಇನ್ನೂ 5ಜಿ ಬಾರದಿದ್ದಲ್ಲಿ ಅದೊಂದಕ್ಕಾಗಿ ಹೆಚ್ಚು ಹಣ ಕೊಡುವ ಅವಶ್ಯಕತೆ ಇಲ್ಲ.

2. ಸ್ಥಳದ ನಿಖರತೆ

ಬೆಳೆ ಸಮೀಕ್ಷೆಯಲ್ಲಿ ಜಮೀನಿನಲ್ಲಿಯೇ ನಿಂತು ಛಾಯಾಚಿತ್ರ ತೆಗೆಯಬೇಕು. ಫೋನ್ ತೋರಿಸುವ ಸ್ಥಾನ ಸರ್ವೆ ನಂಬರಿನ ಗಡಿಗೆ ಹೊಂದಬೇಕು. ಒಂದು ಗುಂಟೆ ಎಂದರೆ 33 ಅಡಿ ಉದ್ದ, 33 ಅಡಿ ಅಗಲ; ಅಂದರೆ ಪ್ರತಿ ಬದಿ ಸುಮಾರು 10 ಮೀಟರ್. ಫೋನ್ 10 ಮೀಟರ್ ತಪ್ಪಿದರೆ ಒಂದು ಗುಂಟೆಯ ಅಗಲವೇ ತಪ್ಪಿದಂತೆ. ಎರಡು ಎಕರೆಯ ಚೌಕ ಹೊಲದ ನಡುವೆ ಇದರಿಂದ ತೊಂದರೆಯಿಲ್ಲ. ಅಣ್ಣತಮ್ಮಂದಿರ ನಡುವೆ ಹಂಚಿಹೋದ ಕಿರಿದಾದ ಪಟ್ಟಿಯಲ್ಲಿ ಮಾತ್ರ ಪಕ್ಕದವರ ಹೊಲದಲ್ಲಿ ನಿಂತಂತೆ ತೋರಬಹುದು. ತೊಗರಿ ಬೆಳೆದವನ ಹೆಸರಿನ ಮುಂದೆ ಹತ್ತಿ ದಾಖಲಾದರೆ, ತೊಗರಿ ಮಾರಲು ಖರೀದಿ ಕೇಂದ್ರಕ್ಕೆ ಹೋದ ದಿನ ಅದರ ಬೆಲೆ ಗೊತ್ತಾಗುತ್ತದೆ.

ಪರೀಕ್ಷೆಯ ಕ್ರಮ ಹೀಗಿದೆ. ತೆರೆದ ಆಕಾಶದ ಕೆಳಗೆ, ಗೊತ್ತಿರುವ ಗಡಿಕಲ್ಲಿನ ಬಳಿ ನಿಂತು ನಕ್ಷೆಯ ಆ್ಯಪ್ ತೆರೆದು ಎರಡು ನಿಮಿಷ ಕಾಯಬೇಕು. ನೀಲಿ ಬೊಟ್ಟು ನಿಂತ ಸ್ಥಳವನ್ನು ಗುರುತಿಸಿಕೊಳ್ಳಬೇಕು. ನೂರು ಹೆಜ್ಜೆ ದೂರ ಹೋಗಿ ಮತ್ತೆ ಅದೇ ಕಲ್ಲಿಗೆ ಬರಬೇಕು. ಹೀಗೆ ಮೂರು ಬಾರಿ ಮಾಡಿದಾಗ ಬೊಟ್ಟು ಪ್ರತಿ ಸಲವೂ ಹೆಚ್ಚು ಕಡಿಮೆ ಒಂದೇ ಜಾಗಕ್ಕೆ ಬಂದರೆ ಫೋನ್ ಯೋಗ್ಯ. ಅಡಿಕೆ, ತೆಂಗಿನ ತೋಟದ ನೆರಳಿನಲ್ಲಿ ಯಾವ ಫೋನಿನಲ್ಲಾದರೂ ನಿಖರತೆ ಕುಗ್ಗುತ್ತದೆ. ಇಂಟರ್‌ನೆಟ್ ಇಲ್ಲದ ಜಾಗದಲ್ಲಿ ಫೋನ್ ಉಪಗ್ರಹಗಳಿಂದಲೇ ಎಲ್ಲ ಮಾಹಿತಿ ಪಡೆಯಬೇಕಾದುದರಿಂದ ಮೊದಲ ಸಲ ಕೆಲವು ನಿಮಿಷ ತಡವಾಗುವುದು ಸಹಜ. ಅದನ್ನು ದೋಷವೆಂದು ತಿಳಿಯಬಾರದು.

3. ಪರದೆ ಮತ್ತು ಕ್ಯಾಮೆರಾ

ಅಂಗಡಿಯೊಳಗೆ ಹೊಳೆಯುವ ಪರದೆ ಮಧ್ಯಾಹ್ನದ ಬಿಸಿಲಿನಲ್ಲಿ ಕನ್ನಡಿಯಂತಾಗಬಹುದು. ಫೋನನ್ನು ಅಂಗಡಿಯ ಹೊರಗೆ ಹಿಡಿದು, ಬೆಳಕನ್ನು ಪೂರ್ತಿ ಏರಿಸಿ, ಕನ್ನಡದ ಸಣ್ಣ ಅಕ್ಷರ ಓದಲು ಬರುತ್ತದೆಯೇ ನೋಡಬೇಕು. ಒತ್ತಕ್ಷರಗಳು ಒಡೆಯದೆ ಕಾಣುತ್ತವೆಯೇ, ಕನ್ನಡದಲ್ಲಿ ಬರೆಯಲು ಅನುಕೂಲವಿದೆಯೇ ಎಂಬುದನ್ನೂ ಆಗಲೇ ಪರಿಶೀಲಿಸಬಹುದು.

ಕ್ಯಾಮೆರಾ ವಿಷಯದಲ್ಲಿ 50 ಮೆಗಾಪಿಕ್ಸೆಲ್ ಎಂಬ ದೊಡ್ಡ ಅಂಕಿ ಒಂದೇ ಅಳತೆಗೋಲಲ್ಲ. ಇಂಥ ಅನೇಕ ಕ್ಯಾಮೆರಾಗಳು ನಾಲ್ಕು ಬಿಂದುಗಳನ್ನು ಒಂದಾಗಿಸಿ ಸುಮಾರು 12.5 ಮೆಗಾಪಿಕ್ಸೆಲ್ ಚಿತ್ರವನ್ನೇ ಕೊಡುತ್ತವೆ. ರೈತರಿಗೆ ಬೇಕಾದದ್ದು ಹತ್ತಿರದಿಂದ ತೆಗೆದ ಎಲೆಯ ಸ್ಪಷ್ಟ ಚಿತ್ರ. ಭತ್ತದ ಬೆಂಕಿ ರೋಗದ ಚುಕ್ಕೆ ಕದಿರಿನಂತೆ ಎರಡೂ ತುದಿ ಚೂಪಾಗಿ, ನಡುವೆ ಬೂದು ಬಣ್ಣವಾಗಿರುತ್ತದೆ. ಕಂದು ಚುಕ್ಕೆ ರೋಗದ್ದು ದುಂಡಗೆ ಅಥವಾ ಮೊಟ್ಟೆಯಾಕಾರವಾಗಿರುತ್ತದೆ. ಚಿತ್ರ ಮಸುಕಾದರೆ ದೂರದಲ್ಲಿ ಕುಳಿತ ತಜ್ಞರಿಗೆ ಎರಡೂ ಒಂದೇ ಆಗಿ ಕಂಡು, ಸಲಹೆ ತಪ್ಪುತ್ತದೆ, ಔಷಧಿ ವ್ಯರ್ಥವಾಗುತ್ತದೆ. ಚುಕ್ಕೆಯಿರುವ ಒಂದು ಎಲೆಯನ್ನು ಗೇಣುದೂರದಿಂದ ತೆಗೆದು, ಚಿತ್ರವನ್ನು ಹಿಗ್ಗಿಸಿ, ಚುಕ್ಕೆಯ ಅಂಚು ತಿಳಿಯುತ್ತದೆಯೇ ನೋಡಿದರೆ ಸಾಕು.

4. ಬ್ಯಾಟರಿ ಮತ್ತು ಸಿಡಿಲಿನ ಎಚ್ಚರಿಕೆ

ಅಗ್ಗದ ಫೋನುಗಳಲ್ಲಿಯೂ 5000 ಎಂ.ಎ.ಎಚ್. ಬ್ಯಾಟರಿ ಈಗ ಸಾಮಾನ್ಯ. ಇದರಲ್ಲಿ ಒಂದು ಸೂಕ್ಷ್ಮವಿದೆ. ಬ್ಯಾಟರಿ ಉಳಿಸಲೆಂದು ಕೆಲವು ಫೋನುಗಳು ಪರದೆ ಆರಿದ ಕೂಡಲೇ ಹಿನ್ನೆಲೆಯ ಆ್ಯಪ್‌ಗಳನ್ನು ನಿಲ್ಲಿಸಿಬಿಡುತ್ತವೆ. ಪುಣೆಯ ಭಾರತೀಯ ಉಷ್ಣವಲಯ ಪವನಶಾಸ್ತ್ರ ಸಂಸ್ಥೆ ರೂಪಿಸಿದ ದಾಮಿನಿ ಆ್ಯಪ್ 20 ಮತ್ತು 40 ಕಿಲೋಮೀಟರ್ ಸುತ್ತಿನ ಸಿಡಿಲಿನ ಬಗ್ಗೆ ಎಚ್ಚರಿಸುತ್ತದೆ. ಮುಂಗಾರು ಪೂರ್ವದ ಮಳೆಯಲ್ಲಿ ಬಯಲಿನಲ್ಲಿ ಉಳುವವರಿಗೆ, ಕುರಿ ಕಾಯುವವರಿಗೆ ಇದು ಪ್ರಾಣದ ಪ್ರಶ್ನೆ. ಫೋನ್ ಆ ಆ್ಯಪನ್ನು ಮಲಗಿಸಿಬಿಟ್ಟರೆ ಎಚ್ಚರಿಕೆ ಸಮಯಕ್ಕೆ ಬಾರದೆ ಹೋಗಬಹುದು. ಆದ್ದರಿಂದ ಬ್ಯಾಟರಿ ಸೆಟ್ಟಿಂಗ್ಸ್‌ನಲ್ಲಿ ಇಂಥ ಆ್ಯಪ್‌ಗೆ ನಿರ್ಬಂಧ ತೆಗೆದುಹಾಕಬೇಕು. ಹಾಗೆ ಮಾಡಲು ಬರುವ ಫೋನನ್ನೇ ಆರಿಸಬೇಕು. ಎಚ್ಚರಿಕೆ ಬಾರದಿದ್ದರೂ ಗುಡುಗು ಕೇಳಿದೊಡನೆ ಮರದಡಿ ನಿಲ್ಲದೆ ಕಟ್ಟಡ ಸೇರುವುದು ಕ್ಷೇಮ.

ಬ್ಯಾಟರಿಗೆ ಬಿಸಿಯೇ ದೊಡ್ಡ ಶತ್ರು. ಟ್ರ್ಯಾಕ್ಟರಿನ ಬಾನೆಟ್ ಮೇಲಾಗಲಿ ಬಿಸಿಲಿನಲ್ಲಾಗಲಿ ಫೋನ್ ಇಡಬಾರದು. ಒದ್ದೆಯಾದ ಫೋನನ್ನು ಚಾರ್ಜಿಗೆ ಹಾಕಬಾರದು. ಔಷಧಿ ಸಿಂಪಡಿಸುವಾಗ ಅದನ್ನು ಜೇಬಿನಲ್ಲಿಡದೆ ದೂರ ಇಡಬೇಕು. ಅದೇ ಕೈಯಿಂದ ಮುಟ್ಟಿದ ಫೋನ್ ಅನಂತರ ಕಿವಿಗೂ ಕೆನ್ನೆಗೂ ತಾಗುತ್ತದೆ.

5. ಸಂಗ್ರಹ ಸಾಮರ್ಥ್ಯ

ಅಗ್ಗದ ಫೋನುಗಳಿಗೆಂದೇ ಆಂಡ್ರಾಯ್ಡ್ ಗೋ ಎಂಬ ಹಗುರ ಆವೃತ್ತಿ ಇದೆ. ಇದರ 13ನೇ ಆವೃತ್ತಿಗೆ ಕನಿಷ್ಠ 2 ಜಿ.ಬಿ. ರ‍್ಯಾಮ್ ಬೇಕೆಂದು ಗೊತ್ತುಪಡಿಸಲಾಗಿತ್ತು. ಕನಿಷ್ಠವೆಂದರೆ ಓಡುತ್ತದೆ ಎಂದಷ್ಟೇ ಅರ್ಥ. ಕ್ಯಾಮೆರಾ, ನಕ್ಷೆ, ಸಮೀಕ್ಷೆಯ ಆ್ಯಪ್ ಮೂರೂ ಒಟ್ಟಿಗೆ ನಡೆಯಬೇಕಾದರೆ 4 ಜಿ.ಬಿ. ರ‍್ಯಾಮ್, 64 ಜಿ.ಬಿ. ಸಂಗ್ರಹ ಇರುವುದು ಸೂಕ್ತ. ಪೆಟ್ಟಿಗೆಯ ಮೇಲೆ "4+4" ಎಂದಿದ್ದರೆ ಎರಡನೆಯ 4 ನಿಜವಾದ ರ‍್ಯಾಮ್ ಅಲ್ಲ. ಸಂಗ್ರಹದಿಂದ ಎರವಲು ಪಡೆದ, ನಿಧಾನವಾದ ಜಾಗ. ಸುರಕ್ಷತಾ ಪರಿಷ್ಕರಣೆ ಎಷ್ಟು ವರ್ಷ ದೊರೆಯುತ್ತದೆಂದೂ ಕೇಳಬೇಕು. ಪರಿಷ್ಕರಣೆ ನಿಂತ ಫೋನಿನಲ್ಲಿ ಬ್ಯಾಂಕ್ ವ್ಯವಹಾರ ಮಾಡುವುದು ಅಪಾಯ.

6. ನಿಜವಾದ ಖರ್ಚು

ಫೋನಿನ ಬೆಲೆಯೇ ಪೂರ್ಣ ಖರ್ಚಲ್ಲ. ಉದಾಹರಣೆಗೆ 8,000 ರೂ.ಗಳ ಫೋನ್ ನಾಲ್ಕು ವರ್ಷ ಬಾಳಿದರೆ ವರ್ಷಕ್ಕೆ 2,000 ರೂ. 6,000 ರೂ.ಗಳದ್ದು ಎರಡೇ ವರ್ಷ ಬಾಳಿದರೆ ವರ್ಷಕ್ಕೆ 3,000 ರೂ. ಅಗ್ಗದ್ದೇ ತುಟ್ಟಿಯಾಯಿತು.

ರೀಚಾರ್ಜಿನದೂ ಇಂಥದೇ ಲೆಕ್ಕ. 28 ದಿನಗಳ ಅವಧಿಯದಾದರೆ ವರ್ಷಕ್ಕೆ 12 ಅಲ್ಲ, 13 ಸಲ ಹಾಕಿಸಬೇಕು. ಸಲಕ್ಕೆ 200 ರೂ. ಎಂದರೆ 2,400ರ ಬದಲು 2,600 ರೂ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ 2022ರಲ್ಲಿ ಪ್ರತಿ ಕಂಪನಿಯೂ 30 ದಿನಗಳ ಅವಧಿಯ ರೀಚಾರ್ಜನ್ನೂ ಇಡಬೇಕೆಂದು ವಿಧಿಸಿತು. 2024ರ ಡಿಸೆಂಬರಿನಲ್ಲಿ, ಇಂಟರ್‌ನೆಟ್ ಬೇಡದವರಿಗಾಗಿ ಕರೆ ಮತ್ತು ಸಂದೇಶ ಮಾತ್ರ ಇರುವ ರೀಚಾರ್ಜ್ ಕೊಡಬೇಕೆಂದೂ ನಿಯಮ ಮಾಡಿತು. ಅಂಗಡಿಯಲ್ಲಿ ಇವನ್ನು ಹೆಸರು ಹೇಳಿ ಕೇಳಬೇಕು. ಹಣ ಉಳಿಸಲು ಸಿಮ್ಮನ್ನು ತಿಂಗಳುಗಟ್ಟಲೆ ಹಾಗೆಯೇ ಬಿಡಬಾರದು. ರದ್ದಾದ ಸಂಖ್ಯೆ ಮುಂದೆ ಬೇರೆಯವರ ಪಾಲಾಗಬಹುದು. ಬ್ಯಾಂಕಿಗೆ ಜೋಡಿಸಿದ್ದು ಅದೇ ಸಂಖ್ಯೆಯಾಗಿದ್ದರೆ ತೊಂದರೆ ತಪ್ಪಿದ್ದಲ್ಲ.

ಬಳಸಿದ ಫೋನ್ ಕೊಳ್ಳುವವರು *#06# ಒತ್ತಿ ಬರುವ 15 ಅಂಕಿಯ ಐ.ಎಂ.ಇ.ಐ. ಸಂಖ್ಯೆಯನ್ನು, ಕೆ.ವೈ.ಎಂ. ಎಂಬ ಮೂರು ಇಂಗ್ಲಿಷ್ ಅಕ್ಷರಗಳ ನಂತರ ಜಾಗ ಬಿಟ್ಟು ಬರೆದು, 14422ಕ್ಕೆ ಸಂದೇಶ ಕಳಿಸಬೇಕು. ಕಪ್ಪುಪಟ್ಟಿಯಲ್ಲಿದೆ ಅಥವಾ ನಕಲಿ ಎಂದು ಉತ್ತರ ಬಂದರೆ ಎಷ್ಟೇ ಅಗ್ಗವಾದರೂ ಕೊಳ್ಳಬಾರದು.

ಅಂಕಗಳ ಪಟ್ಟಿ

ಎರಡು ಮೂರು ಮಾದರಿಗಳನ್ನು ಹೋಲಿಸುವಾಗ ಕೆಳಗಿನಂತೆ ಅಂಕ ಕೊಡಬಹುದು:

ಸಿಗ್ನಲ್ ಮತ್ತು ಬ್ಯಾಂಡ್ – 30
ಸ್ಥಳದ ನಿಖರತೆ – 20
ಬ್ಯಾಟರಿ ಮತ್ತು ಹಿನ್ನೆಲೆ ಎಚ್ಚರಿಕೆ – 15
ರ‍್ಯಾಮ್ ಮತ್ತು ಸಂಗ್ರಹ – 15
ಪರದೆ ಮತ್ತು ಕ್ಯಾಮೆರಾ – 10
ಪರಿಷ್ಕರಣೆ, ಹತ್ತಿರದ ದುರಸ್ತಿ ಸೌಲಭ್ಯ – 10

ಮೊದಲ ಎರಡರಲ್ಲಿ ಅರ್ಧಕ್ಕಿಂತ ಕಡಿಮೆ ಅಂಕ ಪಡೆದ ಫೋನನ್ನು, ಒಟ್ಟು ಅಂಕ ಎಷ್ಟೇ ಇದ್ದರೂ ಕೈಬಿಡುವುದು ಲೇಸು. ಗ್ರಾಮ ಮಟ್ಟದ ಕಾರ್ಯಕರ್ತರು ರೈತರ ಗುಂಪಿನಲ್ಲಿ ಇಂಥ ಪರೀಕ್ಷೆಯನ್ನು ಒಮ್ಮೆ ನಡೆಸಿ, ಊರಿನ ಯಾವ ಭಾಗದಲ್ಲಿ ಯಾವ ಜಾಲದ ಸಿಗ್ನಲ್ ಎಷ್ಟೆಂಬುದನ್ನು ಹಾಳೆಯಲ್ಲಿ ಬರೆದು ಪಂಚಾಯಿತಿಯಲ್ಲಿ ಅಂಟಿಸಿದರೆ ಮುಂದೆ ಕೊಳ್ಳುವವರೆಲ್ಲರಿಗೂ ಉಪಕಾರವಾಗುತ್ತದೆ. ಒಬ್ಬನ ಹೊಲದಲ್ಲಿ ಚೆನ್ನಾಗಿ ಬಂದ ತಳಿ ಇನ್ನೊಬ್ಬನ ಹೊಲದಲ್ಲಿ ಸೋಲುವುದುಂಟು. ಫೋನಿನ ವಿಷಯದಲ್ಲಿಯೂ ಪರೀಕ್ಷೆ ಅವರವರ ಹೊಲದಲ್ಲಿಯೇ ನಡೆಯಬೇಕು.