ತಿಂಗಳ ಮಾರಾಟದ ಮುನ್ನೆಣಿಕೆ: ವಿಡಿಯೋ ಆಟಗಳ ಉದ್ಯಮದಿಂದ ಕೆಲವು ನಿದರ್ಶನಗಳು

(ಕೂಟದ ಮಾಸಿಕ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಬರಹರೂಪ)



ಸಾಹಿತ್ಯ, ಸಂಗೀತ, ದರ್ಶನಗಳ ವಿಚಾರವಾಗಿ ಹಿರಿಯರು ಮಾತನಾಡಿದ ಈ ವೇದಿಕೆಯ ಮೇಲೆ ನಿಂತು ಮಕ್ಕಳ ವಿಡಿಯೋ ಆಟಗಳ ಮಾರಾಟದ ಲೆಕ್ಕವನ್ನು ವಿಷಯವಾಗಿ ಎತ್ತಿಕೊಂಡದ್ದು ಕೆಲವರಿಗೆ ವಿನೋದವೆನಿಸಬಹುದು. ಆದರೆ ಅಮೆರಿಕದಲ್ಲಿ ನೆಲೆಸಿರುವ ನಮ್ಮ ಪೈಕಿ ಈ ಯಂತ್ರಗಳಲ್ಲಿ ಒಂದನ್ನಾದರೂ ಕೊಳ್ಳದ ಮನೆ ಅಪರೂಪ. ಅವುಗಳಿಗೆ ತಂತ್ರಾಂಶ ಬರೆಯುವ ಕೆಲಸದಲ್ಲಿರುವ ತರುಣರೂ ನಮ್ಮಲ್ಲಿದ್ದಾರೆ. ಬರುವ ತಿಂಗಳು ಎಷ್ಟು ಮಾರಾಟವಾದೀತೆಂಬ ಎಣಿಕೆ ತಪ್ಪಿದಾಗ ಕೆಲಸ ಕಳೆದುಕೊಳ್ಳುವವರು ಎಣಿಕೆ ಹಾಕಿದವರಲ್ಲ, ಬಹುಮಟ್ಟಿಗೆ ಇಂಥವರೇ.

ಮುನ್ನೆಣಿಕೆಯ ಅಗತ್ಯ ಬೀಳುವುದು ಕುತೂಹಲಕ್ಕಾಗಿ ಅಲ್ಲ. ಡಿಸೆಂಬರಿನಲ್ಲಿ ಅಂಗಡಿಯ ಕಪಾಟಿನ ಮೇಲಿರಬೇಕಾದ ಯಂತ್ರದ ಬಿಡಿಭಾಗಗಳಿಗೆ ತಿಂಗಳುಗಳ ಮೊದಲೇ ಬೇಡಿಕೆ ಸಲ್ಲಿಸಬೇಕು. ಕಾರ್ಖಾನೆಯ ಸರದಿ ಹಿಡಿಯಬೇಕು. ಹಡಗು ಪೆಸಿಫಿಕ್ ಸಾಗರವನ್ನು ದಾಟಬೇಕು. ಕಡಿಮೆ ತರಿಸಿದರೆ ಗಿರಾಕಿ ಬರಿಗೈಯಲ್ಲಿ ಹಿಂದಿರುಗುತ್ತಾನೆ. ಹೆಚ್ಚು ತರಿಸಿದರೆ ಜನವರಿಯಲ್ಲಿ ಗೋದಾಮು ತುಂಬಿರುತ್ತದೆ. ಈ ಎರಡು ನಷ್ಟಗಳೂ ಸಮಾನವಲ್ಲವೆಂಬುದನ್ನು ಮೊದಲಿಗೇ ಗಮನಿಸಬೇಕು. ನಿರಾಶನಾದ ಗಿರಾಕಿ ಬಹುಶಃ ಫೆಬ್ರವರಿಯಲ್ಲಿ ಮತ್ತೆ ಬಂದಾನು. ಮಾರದೆ ಉಳಿದ ಆಟದ ಬೆಲೆಯೋ, ವಾರದಿಂದ ವಾರಕ್ಕೆ ಕರಗುತ್ತದೆ.

ಇದಕ್ಕೆ ಅತ್ಯಂತ ದುಬಾರಿಯಾದ ನಿದರ್ಶನ 1982ರಲ್ಲಿ ಒದಗಿತು. ಆಗ ಈ ಉದ್ಯಮವೆಂದರೆ ಬಹುಪಾಲು ಅಟಾರಿ ಕಂಪನಿಯೇ. ಹಿಂದಿನ ವರ್ಷ ಬೇಡಿಕೆಗೆ ತಕ್ಕಷ್ಟು ಸರಕು ಸಿಗದಿದ್ದುದರಿಂದ, 1982ರ ಇಡೀ ವರ್ಷಕ್ಕೆ ಬೇಕಾದುದನ್ನು ಮುಂಗಡವಾಗಿ ತಿಳಿಸಿರೆಂದು ಅಟಾರಿಯು 1981ರ ಕೊನೆಯಲ್ಲೇ ವಿತರಕರನ್ನು ಕೇಳಿತು. ಕೇಳಿದ್ದರಲ್ಲಿ ಅರ್ಧವಷ್ಟೇ ಬಂದೀತೆಂದು ಊಹಿಸಿದ ವಿತರಕರು ತಮಗೆ ಬೇಕಾದುದಕ್ಕಿಂತ ಬಹಳ ಹೆಚ್ಚು ಬರೆದುಕೊಟ್ಟರು. ಮದುವೆ ಮನೆಯಲ್ಲಿ ಎರಡನೆಯ ಸಲ ಹೋಳಿಗೆ ಬರುವುದೋ ಇಲ್ಲವೋ ಎಂದು ಮೊದಲ ಸಲವೇ ನಾಲ್ಕು ಹಾಕಿಸಿಕೊಳ್ಳುವ ಬುದ್ಧಿ ಇದು. ಅಟಾರಿ ಆ ಪಟ್ಟಿಯನ್ನೇ ಜನರ ಬೇಡಿಕೆಯೆಂದು ಓದಿಕೊಂಡಿತು. ಆ ಕಾಲದಲ್ಲಿ ಸುಮಾರು 1 ಕೋಟಿ ಯಂತ್ರಗಳು ಮನೆಗಳಲ್ಲಿದ್ದಾಗ ‘ಪ್ಯಾಕ್-ಮ್ಯಾನ್’ ಆಟದ 1.2 ಕೋಟಿ ಪ್ರತಿಗಳನ್ನು ತಯಾರಿಸಲಾಯಿತೆಂದು ಉದ್ಯಮದ ಚರಿತ್ರೆಕಾರರು ಬರೆಯುತ್ತಾರೆ. ಸರಕು ಏರುತ್ತಿದ್ದಂತೆ ವಿತರಕರು ಬೇಡಿಕೆಗಳನ್ನು ರದ್ದುಪಡಿಸತೊಡಗಿದರು. 1982ರ ಡಿಸೆಂಬರ್ 7ರಂದು ಒಡೆಯ ಸಂಸ್ಥೆಯಾದ ವಾರ್ನರ್, ತನ್ನ ಲಾಭ ಶೇಕಡಾ 50ರಷ್ಟು ಹೆಚ್ಚುವ ಬದಲು 10ರಿಂದ 15ರಷ್ಟು ಮಾತ್ರ ಹೆಚ್ಚೀತೆಂದು ಪ್ರಕಟಿಸಿತು. ಮರುದಿನವೇ ಅದರ ಷೇರಿನ ಬೆಲೆ ಸುಮಾರು ಮೂರನೆಯ ಒಂದು ಭಾಗದಷ್ಟು ಕುಸಿಯಿತು. ಗಮನಿಸಿರಿ, ಲಾಭವೇನೂ ಇಳಿದಿರಲಿಲ್ಲ. ಇಳಿದದ್ದು ಮುನ್ನೆಣಿಕೆ ಮಾತ್ರ. 1983ರ ಸೆಪ್ಟೆಂಬರಿನಲ್ಲಿ ಮಾರದೆ ಉಳಿದ ಆಟಗಳನ್ನು ನ್ಯೂ ಮೆಕ್ಸಿಕೋದ ಆಲಮಗೋರ್ಡೋ ಊರಿನ ಕಸದ ಹಳ್ಳದಲ್ಲಿ ಹೂಳಿದರು. ಅದು ಬರಿಯ ಕಟ್ಟುಕಥೆಯೆಂದು ವಾದಿಸುವವರಿದ್ದರು; 2014ರ ಏಪ್ರಿಲಿನಲ್ಲಿ ಅಗೆದು ನೋಡಿದಾಗ ಆಟಗಳು ಸಿಕ್ಕವು.

ಇಲ್ಲಿಂದ ಕಲಿಯಬೇಕಾದ ಭೇದವೊಂದುಂಟು. ಅಂಗಡಿಗೆ ಹೋದ ಸರಕು ಬೇರೆ, ಅಂಗಡಿಯಿಂದ ಹೋದ ಸರಕು ಬೇರೆ. ತಯಾರಕರು ಮೂರು ತಿಂಗಳಿಗೊಮ್ಮೆ ಪ್ರಕಟಿಸುವ ಸಂಖ್ಯೆ ಸಾಮಾನ್ಯವಾಗಿ ಮೊದಲನೆಯದು. ಮಾರಾಟವೆಂಬ ಹೆಸರಿಗೆ ನಿಜವಾಗಿ ಅರ್ಹವಾದದ್ದು ಎರಡನೆಯದು. ಅಮೆರಿಕದಲ್ಲಿ ಈ ಎರಡನೆಯದನ್ನು ಬಹುಕಾಲ ಅಳೆದುಕೊಂಡು ಬಂದದ್ದು ನ್ಯೂಯಾರ್ಕ್ ರಾಜ್ಯದ ಪೋರ್ಟ್ ವಾಷಿಂಗ್ಟನ್ನಿನ ಎನ್‌ಪಿಡಿ ಸಂಸ್ಥೆ. ಐಆರ್‌ಐ ಎಂಬ ಇನ್ನೊಂದು ಸಂಸ್ಥೆಯೊಡನೆ ವಿಲೀನಗೊಂಡು 2023ರಿಂದ ಅದು ಸರ್ಕಾನಾ ಎಂಬ ಹೆಸರು ತಳೆದಿದೆ. ಮಾಹಿತಿ ಹಂಚಿಕೊಳ್ಳಲು ಒಪ್ಪಿದ ಅಂಗಡಿಗಳ ಗಲ್ಲಾಪೆಟ್ಟಿಗೆಯ ಲೆಕ್ಕ ತಂದು, ಒಪ್ಪದ ಅಂಗಡಿಗಳ ಪಾಲನ್ನು ಅಂದಾಜಿಸಿ, ಪ್ರತಿ ತಿಂಗಳೂ ಅದು ವರದಿ ಕೊಡುತ್ತದೆ. ಆ ವರದಿಗೆ ಮೊದಲು ತಮ್ಮ ಎಣಿಕೆಯನ್ನು ಪ್ರಕಟಿಸುವುದು, ಬಂದ ಮೇಲೆ ತಾಳೆ ನೋಡುವುದು ಷೇರುಪೇಟೆಯ ವಿಶ್ಲೇಷಕರಲ್ಲಿ ಒಂದು ವ್ರತದಂತೆಯೇ ನಡೆದುಬಂತು. ವೆಡ್‌ಬುಷ್ ಸಂಸ್ಥೆಯ ಮೈಕಲ್ ಪ್ಯಾಕ್ಟರ್ ಅವರಲ್ಲಿ ಪ್ರಸಿದ್ಧರು.

ವರದಿಯ ‘ತಿಂಗಳು’ ನಮ್ಮ ಗೋಡೆಯ ಕ್ಯಾಲೆಂಡರಿನ ತಿಂಗಳಲ್ಲ. ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿಯೇ. ಶನಿವಾರ-ಭಾನುವಾರಗಳಲ್ಲಿ ವ್ಯಾಪಾರ ಹೆಚ್ಚು. ಒಂದು ತಿಂಗಳಿಗೆ ನಾಲ್ಕು ವಾರಾಂತ್ಯ, ಮತ್ತೊಂದಕ್ಕೆ ಐದು ಬಂದರೆ ಹೋಲಿಕೆ ಕೆಡುತ್ತದೆ. ಆದುದರಿಂದ ಭಾನುವಾರ ಆರಂಭವಾಗಿ ಶನಿವಾರ ಮುಗಿಯುವ ಪೂರ್ಣ ವಾರಗಳನ್ನೇ ಜೋಡಿಸಿ ನಾಲ್ಕು, ನಾಲ್ಕು, ಐದು ವಾರಗಳ ತಿಂಗಳುಗಳನ್ನು ಮಾಡಿದ್ದಾರೆ. ಮಾರ್ಚ್, ಜೂನ್, ಸೆಪ್ಟೆಂಬರ್, ಡಿಸೆಂಬರ್‌ಗಳಿಗೆ ಐದು ವಾರ, ಉಳಿದವಕ್ಕೆ ನಾಲ್ಕು. ಹೀಗೆ 52 ವಾರಕ್ಕೆ 364 ದಿನಗಳಷ್ಟೇ ಆಗುವುದರಿಂದ ಐದಾರು ವರ್ಷಕ್ಕೊಮ್ಮೆ 53ನೆಯ ವಾರವೊಂದನ್ನು ಸೇರಿಸಬೇಕಾಗುತ್ತದೆ. ಅಧಿಕಮಾಸದ ಯುಕ್ತಿಯನ್ನು ಬಲ್ಲ ನಮಗೆ ಇದನ್ನು ವಿವರಿಸಬೇಕಾಗಿಲ್ಲ.

ಈ ಪಂಚಾಂಗ ತಿಳಿಯದೆ ವರದಿ ಓದಿದರೆ ಏನಾಗುತ್ತದೆಂಬುದಕ್ಕೆ ಎರಡು ಪ್ರಸಂಗಗಳು. ‘ಗ್ರ್ಯಾಂಡ್ ಥೆಫ್ಟ್ ಆಟೋ 4’ 2008ರ ಏಪ್ರಿಲ್ 29ರಂದು ಬಿಡುಗಡೆಯಾಯಿತು. ಏಪ್ರಿಲ್ ವರದಿಯಲ್ಲಿ ಅದರ ಮಾರಾಟ ಎರಡು ಯಂತ್ರಗಳಿಗೂ ಸೇರಿ ಸುಮಾರು 28.5 ಲಕ್ಷ ಪ್ರತಿ. ಎರಡೇ ದಿನಗಳಲ್ಲಿ ಇಷ್ಟೇ ಎಂದು ಬೆರಗಾಗಬೇಡಿ. ವರದಿಯ ಏಪ್ರಿಲ್ ಮುಗಿದದ್ದು ಮೇ 3ರಂದು, ಆದ್ದರಿಂದ ಅದು ಐದು ದಿನಗಳ ಲೆಕ್ಕ. ಇನ್ನು ಎರಡನೆಯದು. ನಿಂಟೆಂಡೋದ ‘ಸ್ವಿಚ್ 2’ ಯಂತ್ರ 2025ರ ಜೂನ್ 5ರಂದು ಬಂದು, ಮೊದಲ ತಿಂಗಳಲ್ಲಿ ಅಮೆರಿಕದಲ್ಲಿ 16 ಲಕ್ಷ ಮಾರಾಟವಾಯಿತು. 2013ರ ನವೆಂಬರಿನಲ್ಲಿ ‘ಪ್ಲೇಸ್ಟೇಷನ್ 4’ ಸ್ಥಾಪಿಸಿದ್ದ 11 ಲಕ್ಷದ ದಾಖಲೆ ಮುರಿಯಿತೆಂದು ಸುದ್ದಿಯಾಯಿತು. ಸುದ್ದಿ ಸತ್ಯವೇ. ಆದರೆ ಜೂನ್ ವರದಿ ಜುಲೈ 5ರವರೆಗಿನದು, ಸ್ವಿಚ್ 2ಕ್ಕೆ ಸಿಕ್ಕಿದ್ದು 31 ದಿನ. ಪ್ಲೇಸ್ಟೇಷನ್ 4 ಬಂದದ್ದು ನವೆಂಬರ್ 15ರಂದು, ವರದಿ ಮುಗಿದದ್ದು 30ರಂದು, ಅದಕ್ಕೆ ಸಿಕ್ಕಿದ್ದು 16 ದಿನ. ದಿನದ ಸರಾಸರಿ ತೆಗೆದರೆ ಹಳೆಯದು ಸುಮಾರು 69 ಸಾವಿರ, ಹೊಸದು ಸುಮಾರು 52 ಸಾವಿರ. ಮೊದಲ ದಿನಗಳ ನೂಕುನುಗ್ಗಲು ಕ್ರಮೇಣ ಇಳಿಯುವುದು ಸಹಜವಾದ್ದರಿಂದ ಈ ಸರಾಸರಿಯೂ ಪೂರ್ತಿ ನ್ಯಾಯವಲ್ಲ. ಜೊತೆಗೆ ಒಂದಕ್ಕೆ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ವಾರ ದೊರಕಿತ್ತು, ಇನ್ನೊಂದಕ್ಕೆ ಅದು ಇರಲಿಲ್ಲ.

ಹಬ್ಬದ ಮಾತು ಬಂದದ್ದರಿಂದ ಈಸ್ಟರ್ ವಿಚಾರವನ್ನೂ ಹೇಳಿಬಿಡುತ್ತೇನೆ. ನಮ್ಮ ಯುಗಾದಿಯಂತೆ ಅದೂ ಚಂದ್ರನನ್ನು ಹಿಂಬಾಲಿಸುತ್ತದೆ. 2008ರಲ್ಲಿ ಮಾರ್ಚ್ 23ಕ್ಕೆ ಬಂತು, 2009ರಲ್ಲಿ ಏಪ್ರಿಲ್ 12ಕ್ಕೆ. ಮಕ್ಕಳಿಗೆ ರಜೆ, ಅಜ್ಜಿ-ತಾತಂದಿರಿಂದ ಉಡುಗೊರೆ. ಮಾರಾಟವೂ ಹಬ್ಬದೊಡನೆ ತಿಂಗಳು ಬದಲಾಯಿಸುತ್ತದೆ. ಇದನ್ನು ಕಳೆಯದೆ 2009ರ ಮಾರ್ಚನ್ನು ಹಿಂದಿನ ಮಾರ್ಚಿನೊಡನೆ ಹೋಲಿಸಿದವನಿಗೆ ಉದ್ಯಮ ನಿಜವಾಗಿರುವುದಕ್ಕಿಂತ ಹೆಚ್ಚು ಕುಸಿದಂತೆ ಕಂಡೀತು.

ಈಗ ವಿಧಾನಕ್ಕೆ ಬರೋಣ. ಅತಿ ಸರಳವಾದ ಮುನ್ನೆಣಿಕೆ ಎಂದರೆ ‘ಕಳೆದ ವರ್ಷ ಈ ತಿಂಗಳು ಎಷ್ಟೋ ಈ ವರ್ಷವೂ ಅಷ್ಟು’. ಇದನ್ನು ಪಂಡಿತರು ಹಗುರವಾಗಿ ಕಾಣುತ್ತಾರೆ. ನಾನು ಹಾಗೆ ಕಾಣುವುದಿಲ್ಲ. ಎರಡನೆಯದು, ಚಾರ್ಲ್ಸ್ ಹೋಲ್ಟ್ 1957ರಲ್ಲಿ ಆರಂಭಿಸಿ ಪೀಟರ್ ವಿಂಟರ್ಸ್ 1960ರಲ್ಲಿ ಬೆಳೆಸಿದ ವಿಧಾನ. ಮಾರಾಟದ ಈಗಿನ ಮಟ್ಟ, ಅದರ ಏರಿಕೆ ಅಥವಾ ಇಳಿಕೆಯ ಒಲವು, ಆಯಾ ತಿಂಗಳ ಋತುಗುಣ ಎಂಬ ಮೂರನ್ನು ಬೇರೆ ಬೇರೆಯಾಗಿ ಇರಿಸಿಕೊಂಡು, ಪ್ರತಿ ತಿಂಗಳ ಹೊಸ ಅಂಕಿಯಿಂದ ಮೂರನ್ನೂ ಸ್ವಲ್ಪ ಸ್ವಲ್ಪ ತಿದ್ದುತ್ತಾ ಹೋಗುವುದು. ನಿನ್ನೆಯ ಮೊಸರಿನ ಒಂದು ಚಮಚ ಇಂದಿನ ಹಾಲಿಗೆ ಹೆಪ್ಪಾಗುವಂತೆ, ಹಳೆಯ ಅಂಕಿಗಳ ಪ್ರಭಾವ ದಿನೇ ದಿನೇ ತೆಳುವಾಗುತ್ತಾ ಬಂದರೂ ಪೂರ್ತಿ ಅಳಿಯುವುದಿಲ್ಲ.

ಇವೆರಡನ್ನೂ 2009ರ ಡಿಸೆಂಬರಿನ ಮೇಲೆ ಪ್ರಯೋಗಿಸಿ ನೋಡೋಣ. ಎನ್‌ಪಿಡಿ ಪ್ರಕಾರ ಅಮೆರಿಕದಲ್ಲಿ 2008ರ ವರ್ಷದ ಮಾರಾಟ ಸುಮಾರು 2,133 ಕೋಟಿ ಡಾಲರ್. ಅದರಲ್ಲಿ ಡಿಸೆಂಬರ್ ಒಂದರದೇ 529 ಕೋಟಿ. ಸರಳ ವಿಧಾನದವನು 2009ರ ಡಿಸೆಂಬರಿಗೂ 529 ಎಂದೇ ಬರೆಯುತ್ತಾನೆ. ಆದರೆ ಆ ವರ್ಷ ಆರ್ಥಿಕ ಹಿಂಜರಿತದ ವರ್ಷ. ಜನವರಿಯಿಂದ ನವೆಂಬರಿನವರೆಗೆ 2008ರಲ್ಲಿ 1,604 ಕೋಟಿಯಿದ್ದ ಮಾರಾಟ 2009ರಲ್ಲಿ ಸುಮಾರು 1,413 ಕೋಟಿಗೆ, ಅಂದರೆ ಶೇಕಡಾ 12ರಷ್ಟು, ಇಳಿದಿತ್ತು. ಒಲವನ್ನು ಗಣನೆಗೆ ತಂದ ಜಾಣನು 529ರಿಂದ ಶೇಕಡಾ 12 ಕಳೆದು ಸುಮಾರು 466 ಎನ್ನುತ್ತಾನೆ. ನಿಜವಾಗಿ ಆದದ್ದು 553 ಕೋಟಿ. ಅಲ್ಲಿಯವರೆಗಿನ ಎಲ್ಲ ತಿಂಗಳುಗಳಿಗಿಂತ ಹೆಚ್ಚು. ಸರಳನು 24 ಕೋಟಿ ತಪ್ಪಿದ, ಜಾಣನು 87 ಕೋಟಿ.

ಕಾರಣ ಅಂಕಿಗಳ ಸಾಲಿನಲ್ಲಿ ಇರಲಿಲ್ಲ, ಅಂಗಡಿಯ ಬೆಲೆಚೀಟಿಯ ಮೇಲಿತ್ತು. ಸೋನಿ 2009ರ ಆಗಸ್ಟಿನಲ್ಲಿ ಪ್ಲೇಸ್ಟೇಷನ್ 3ರ ಬೆಲೆಯನ್ನು 299 ಡಾಲರಿಗೆ ಇಳಿಸಿತು. ಸೆಪ್ಟೆಂಬರ್ ಕೊನೆಯಲ್ಲಿ ನಿಂಟೆಂಡೋ ತನ್ನ ವೀ ಯಂತ್ರವನ್ನು 249ರಿಂದ 199ಕ್ಕೆ ತಂದಿತು. ನವೆಂಬರಿನಲ್ಲಿ ಮನೆಮಂದಿಯೆಲ್ಲ ಕೂತು ಆಡುವ ಹೊಸ ಮಾರಿಯೋ ಆಟ ಬಂತು. ಡಿಸೆಂಬರಿನಲ್ಲಿ ವೀ ಯಂತ್ರವೊಂದೇ 38 ಲಕ್ಷಕ್ಕೂ ಹೆಚ್ಚು ಮಾರಾಟವಾಯಿತು. ಜೊತೆಗೆ ಡಿಸೆಂಬರಿನ ಗುಣವೇ ಬೇರೆ. 2009ರ ಉಳಿದ 47 ವಾರಗಳಲ್ಲಿ ವಾರಕ್ಕೆ ಸರಾಸರಿ 30 ಕೋಟಿ, ಡಿಸೆಂಬರಿನ ಐದು ವಾರಗಳಲ್ಲಿ ವಾರಕ್ಕೆ 110 ಕೋಟಿ. ಜುಲೈ ತಿಂಗಳಲ್ಲಿ ಕೊಳ್ಳುವವನು ಆಟಗಾರ. ಡಿಸೆಂಬರಿನಲ್ಲಿ ಕೊಳ್ಳುವವಳು ಆಟಗಾರನ ತಾಯಿ. ಒಬ್ಬರ ನಡೆಯಿಂದ ಇನ್ನೊಬ್ಬರದನ್ನು ಊಹಿಸಹೊರಟರೆ ಸೂತ್ರ ಏನು ಮಾಡೀತು?

ಹೊಸ ಯಂತ್ರಕ್ಕೆ ಹಿಂದಿನ ವರ್ಷವೆಂಬುದೇ ಇಲ್ಲದ್ದರಿಂದ ಅದಕ್ಕೆ ಬೇರೆ ದಾರಿ ಬೇಕು. ಫ್ರಾಂಕ್ ಬಾಸ್ 1969ರಲ್ಲಿ ಪ್ರಕಟಿಸಿದ ಸೂತ್ರ ಇಲ್ಲಿ ಉಪಯುಕ್ತ. ಕೊಳ್ಳುವವರಲ್ಲಿ ಎರಡು ಬಗೆ: ತಾವಾಗಿಯೇ ಮುನ್ನುಗ್ಗುವವರು, ನೆರೆಮನೆಯವರನ್ನು ನೋಡಿ ಕೊಳ್ಳುವವರು. ಎರಡನೆಯವರು ಕೂಡಿಕೊಂಡಂತೆ ಮಾರಾಟ ಏರುತ್ತದೆ. ಕೊಳ್ಳದವರ ಸಂಖ್ಯೆ ಕರಗಿದಂತೆ ಇಳಿಯುತ್ತದೆ. ಈ ಸೂತ್ರದಿಂದ ಅವರು ಬಣ್ಣದ ಟೆಲಿವಿಷನ್ನಿನ ಮಾರಾಟ ಯಾವಾಗ ಶಿಖರ ಮುಟ್ಟೀತೆಂಬುದನ್ನು ಎಣಿಸಿದ್ದರು. ಮೊದಲ ಸ್ವಿಚ್ ಯಂತ್ರ 2017ರ ಮಾರ್ಚಿನಲ್ಲಿ ಬಂದು, ಶಿಖರ ಮುಟ್ಟಿದ್ದು 2021ರ ಮಾರ್ಚಿಗೆ ಕೊನೆಗೊಂಡ ವರ್ಷದಲ್ಲಿ, 2.88 ಕೋಟಿ ಯಂತ್ರಗಳೊಡನೆ. ಆ ಶಿಖರವನ್ನು ಎತ್ತರಿಸಿದ್ದರಲ್ಲಿ ಕೋವಿಡ್ ಪಿಡುಗಿಗೂ ಪಾಲಿದೆ. ಜನ ಮನೆಯಲ್ಲೇ ಉಳಿದ 2020ರ ಮಾರ್ಚಿನಲ್ಲಿ ಅಮೆರಿಕದ ಆಟಗಳ ಒಟ್ಟು ಮಾರಾಟ ಹಿಂದಿನ ವರ್ಷಕ್ಕಿಂತ ಶೇಕಡಾ 35 ಹೆಚ್ಚಿತ್ತು. ಯಾವ ಸೂತ್ರವೂ ಅದನ್ನು ಫೆಬ್ರವರಿಯಲ್ಲಿ ಹೇಳುತ್ತಿರಲಿಲ್ಲ.

ಅಂಕಿಗಳೇ ಬೇಡಿಕೆಯನ್ನು ಮರೆಮಾಚುವ ಕಾಲವೂ ಉಂಟು. 2020ರ ನವೆಂಬರಿನಲ್ಲಿ ಬಂದ ಪ್ಲೇಸ್ಟೇಷನ್ 5 ಎರಡು ವರ್ಷ ಅಂಗಡಿಗಳಲ್ಲಿ ಸುಲಭವಾಗಿ ಸಿಗಲಿಲ್ಲ; ಕೊರತೆ ನೀಗಿತೆಂದು ಸೋನಿ ಹೇಳಿದ್ದು 2023ರ ಜನವರಿಯಲ್ಲಿ. ಆ ಅವಧಿಯ ಮಾರಾಟ ತಿಳಿಸುವುದು ಎಷ್ಟು ಜನರಿಗೆ ಬೇಕಿತ್ತೆಂಬುದನ್ನಲ್ಲ, ಎಷ್ಟು ಪೆಟ್ಟಿಗೆಗಳು ಬಂದಿಳಿದವೆಂಬುದನ್ನು. ಇನ್ನೊಂದು ಮರೆಯೆಂದರೆ ಅಂತರಜಾಲದ ಮೂಲಕ ನೇರವಾಗಿ ಇಳಿಸಿಕೊಳ್ಳುವ ಆಟಗಳು. 2016ರಿಂದ ಎನ್‌ಪಿಡಿ ಇವನ್ನೂ ಪಟ್ಟಿಯಲ್ಲಿ ಸೇರಿಸತೊಡಗಿತಾದರೂ ಎಲ್ಲ ಪ್ರಕಾಶಕರೂ ಲೆಕ್ಕ ಕೊಡಲಿಲ್ಲ. ನಿಂಟೆಂಡೋ ಆಟಗಳ ಪಕ್ಕದಲ್ಲಿ ಸಣ್ಣ ನಕ್ಷತ್ರಚಿಹ್ನೆ ಇರುತ್ತಿದ್ದುದು ಇದೇ ಕಾರಣದಿಂದ. 2016ಕ್ಕೆ ಹಿಂದಿನ ಸಾಲನ್ನೂ ಅನಂತರದ ಸಾಲನ್ನೂ ಬೆಸೆದು ಒಂದೇ ಗೆರೆ ಎಳೆಯುವುದು ಸೇರನ್ನೂ ಲೀಟರನ್ನೂ ಕೂಡಿಸಿದಂತೆ.

ಹಳೆಯ ನಿಯಮಗಳೂ ಮುಪ್ಪಾಗುತ್ತವೆ. ಯಂತ್ರ ಹಳೆಯದಾದಂತೆ ಬೆಲೆ ಇಳಿಯುವುದೆಂಬುದು ಎಲ್ಲ ಲೆಕ್ಕಗಳ ಅಡಿಪಾಯವಾಗಿತ್ತು; 2000ದಲ್ಲಿ 299 ಡಾಲರಿಗೆ ಬಂದ ಪ್ಲೇಸ್ಟೇಷನ್ 2, 2002ರಲ್ಲಿ 199ಕ್ಕೆ ಇಳಿದಿತ್ತು. ಅದೇ ಸೋನಿ 2025ರ ಆಗಸ್ಟಿನಲ್ಲಿ, ಐದು ವರ್ಷ ಹಳೆಯದಾಗುತ್ತಿದ್ದ ಪ್ಲೇಸ್ಟೇಷನ್ 5ರ ಬೆಲೆಯನ್ನು 50 ಡಾಲರ್ ಏರಿಸಿತು. ಆಮದು ಸುಂಕದ ಅನಿಶ್ಚಯದಿಂದ ನಿಂಟೆಂಡೋ 2025ರ ಏಪ್ರಿಲಿನಲ್ಲಿ ಸ್ವಿಚ್ 2ರ ಮುಂಗಡ ಕಾಯ್ದಿರಿಸುವಿಕೆಯನ್ನೇ ಅಮೆರಿಕದಲ್ಲಿ ಎರಡು ವಾರ ಮುಂದೂಡಿತ್ತು. 2026ರ ಮಾರ್ಚ್ ಒಳಗೆ ಜಗತ್ತಿನಲ್ಲಿ 1.5 ಕೋಟಿ ಎಂದು ಅದು ಎಣಿಸಿದ್ದುದನ್ನು ನವೆಂಬರಿನಲ್ಲಿ 1.9 ಕೋಟಿಗೆ ಏರಿಸಬೇಕಾಯಿತು. ತಯಾರಕನಿಗೇ ತನ್ನ ಸರಕಿನ ಬೇಡಿಕೆ ಇಷ್ಟು ಅಸ್ಪಷ್ಟವಾಗಿದ್ದರೆ ಹೊರಗಿನವರು ಒಂದೇ ಸಂಖ್ಯೆಯನ್ನು ಧೈರ್ಯವಾಗಿ ಹೇಳುವುದು ನನಗಂತೂ ಸಲ್ಲದು. ‘ಇಷ್ಟರಿಂದ ಇಷ್ಟರವರೆಗೆ’ ಎನ್ನುವವನ ಮಾತನ್ನು ನಾನು ಹೆಚ್ಚು ನಂಬುತ್ತೇನೆ.

ಕೊನೆಯದಾಗಿ ಬಿಡುಗಡೆಯ ದಿನಾಂಕ. ‘ಗ್ರ್ಯಾಂಡ್ ಥೆಫ್ಟ್ ಆಟೋ 6’ 2025ರ ಶರತ್ಕಾಲಕ್ಕೆ ಬರುವುದೆಂದಿದ್ದರು. 2025ರ ಮೇ ತಿಂಗಳಲ್ಲಿ ಅದನ್ನು 2026ರ ಮೇ 26ಕ್ಕೆ ಮುಂದೂಡಿದರು. ನವೆಂಬರಿನಲ್ಲಿ ಮತ್ತೆ 2026ರ ನವೆಂಬರ್ 19ಕ್ಕೆ. ಎಣಿಕೆಗಾರನ ಹಲಗೆಯ ಮೇಲೆ ಇದರ ಪರಿಣಾಮ ನೋಡಿರಿ. ವರದಿಯ ಪಂಚಾಂಗದಂತೆ 2026ರ ಮೇ ಮುಗಿಯುವುದು 30ರಂದು, ಆ ಆಟಕ್ಕೆ ಸಿಗುತ್ತಿದ್ದುದು ಐದು ದಿನ. ನವೆಂಬರ್ ಮುಗಿಯುವುದು 28ರಂದು, ಅಲ್ಲಿ ಹತ್ತು ದಿನ, ಅದರೊಳಗೆ ಥ್ಯಾಂಕ್ಸ್‌ಗಿವಿಂಗ್ ಮತ್ತು ಮರುದಿನದ ಶುಕ್ರವಾರದ ಭಾರಿ ವ್ಯಾಪಾರ. ಹೀಗೆ ಒಂದೇ ಪ್ರಕಟಣೆಯಿಂದ ಮೇ, ಜೂನ್, ನವೆಂಬರ್, ಡಿಸೆಂಬರ್ ನಾಲ್ಕು ಕಲಂಗಳನ್ನೂ ಅಳಿಸಿ ಬರೆಯಬೇಕು. ಅದೇ ವಾರಗಳಿಗೆ ಗೊತ್ತಾಗಿದ್ದ ಬೇರೆ ಆಟಗಳು ಹೆದರಿ ದಾರಿ ಬಿಟ್ಟುಕೊಟ್ಟರೆ ಅವುಗಳ ಕಲಂಗಳನ್ನೂ. ಅನುಭವಿಗಳು ಇಂಥ ವರ್ಷಕ್ಕೆ ಎರಡು ಪಟ್ಟಿ ತಯಾರಿಸುತ್ತಾರೆ: ಆ ಆಟ ಹೇಳಿದ ದಿನಕ್ಕೆ ಬಂದರೆ ಒಂದು, ಬಾರದಿದ್ದರೆ ಇನ್ನೊಂದು.