ತುತ್ತಿಗೊಂದು ವಿಡಿಯೋ

ಇವತ್ತು ರಾಜಕೀಯ ಬೇಡ. ನಮ್ಮ ನಿಮ್ಮ ಮನೆಗಳಲ್ಲಿ ದಿನಕ್ಕೆ ಮೂರು ಹೊತ್ತು ನಡೆಯೋ ಯುದ್ಧದ ಬಗ್ಗೆ ಮಾತಾಡೋಣ. ಒಂದು ಕಡೆ ಬಟ್ಟಲು ಹಿಡಿದ ಅಮ್ಮ. ಇನ್ನೊಂದು ಕಡೆ ತುಟಿ ಬಿಗಿದುಕೊಂಡು ಕೂತ ಎರಡು ವರ್ಷದ ಮಗು. ನಡುವೆ ಸಂಧಾನಕ್ಕೆ ಒಂದು ಮೊಬೈಲ್. ವಿಡಿಯೋ ಓಡ್ತಿದ್ರೆ ಬಾಯಿ ತೆರೆಯುತ್ತೆ, ನಿಂತ್ರೆ ಮುಚ್ಚುತ್ತೆ. ಅಷ್ಟರಲ್ಲಿ ಒಳಗಿಂದ ಒಂದು ಮಾತು ಬರುತ್ತೆ: 'ಮಗು ಸೊರಗಿಹೋಗಿದೆ, ನೀನು ಸರಿಯಾಗಿ ತಿನ್ನಿಸ್ತಿಲ್ಲ.'

ತೀರ್ಪು ಬಂದಾಯ್ತು. ಅಪರಾಧಿ ಅಮ್ಮ. ಆದರೆ ಸಾಕ್ಷಿ ಏನು ಹೇಳುತ್ತೆ?

ನಾನು ಓದಿದ್ದು ಎಂಜಿನಿಯರಿಂಗ್. ಹಾಗಾಗಿ ಮೊದಲು ಲೆಕ್ಕ ನೋಡ್ತೀನಿ. ಹುಟ್ಟಿದಾಗ ಮೂರು ಕೆಜಿ ಇದ್ದ ಮಗು ಮೊದಲ ಹುಟ್ಟುಹಬ್ಬದ ಹೊತ್ತಿಗೆ ಒಂಬತ್ತು ಕೆಜಿ ಆಸುಪಾಸು ಇರುತ್ತೆ. ಒಂದೇ ವರ್ಷದಲ್ಲಿ ಮೂರು ಪಟ್ಟು! ಎರಡನೇ ವರ್ಷ ಏರೋದು ಸುಮಾರು ಎರಡೂವರೆ ಕೆಜಿ ಮಾತ್ರ. ಆಮೇಲೆ ಐದು ವರ್ಷದವರೆಗೆ ವರ್ಷಕ್ಕೆ ಎರಡು ಕೆಜಿ ಅಷ್ಟೇ. ಅಂದರೆ ಬೆಳವಣಿಗೆಯ ವೇಗ ತಾನಾಗಿಯೇ ಇಳಿಯುತ್ತೆ. ವೇಗ ಇಳಿದ ಗಾಡಿಗೆ ಮೊದಲಿನಷ್ಟೇ ಪೆಟ್ರೋಲ್ ಬೇಕಾ? ಇಲ್ಲ ತಾನೆ? ಹಸಿವೂ ಹಾಗೇನೇ. ಒಂದು ವರ್ಷ ದಾಟಿದ ಮೇಲೆ ಮಗು ಒಂದು ದಿನ ಗಬಗಬ ತಿನ್ನುತ್ತೆ, ಮರುದಿನ ನಾಲ್ಕು ತುತ್ತಿಗೆ ಎದ್ದು ಹೋಗುತ್ತೆ. ಬಹುಪಾಲು ಮಕ್ಕಳಲ್ಲಿ ಇದು ಕಾಯಿಲೆ ಅಲ್ಲ, ಹಟವೂ ಅಲ್ಲ.

ಹಾಗಾದ್ರೆ ಮೊಬೈಲ್ ಕೊಟ್ರೆ ಹೇಗೆ ತಿನ್ನುತ್ತೆ? ಗಮನ ಪೂರ್ತಿ ಪರದೆ ಮೇಲಿರುತ್ತೆ. ಹೊಟ್ಟೆ 'ಸಾಕು' ಅಂದಿದ್ದು ಮಗುವಿಗೇ ಕೇಳಿಸಲ್ಲ. ಬಾಯಿಗೆ ಬಂದಿದ್ದು ಅನ್ನವೋ ರಾಗಿ ಸರಿಯೋ ಅದಕ್ಕೆ ಗೊತ್ತಿಲ್ಲ. ಬಟ್ಟಲು ಖಾಲಿಯಾಯ್ತು, ನಿಜ. ಊಟ ಮಾಡೋದನ್ನ ಮಗು ಕಲಿತಿಲ್ಲ.

'ನಮ್ಮಜ್ಜಿ ಚಂದಮಾಮನ್ನ ತೋರಿಸಿ ತಿನ್ನಿಸ್ತಿರಲಿಲ್ವಾ?' ಅಂತ ನೀವು ಕೇಳಬಹುದು. ತೋರಿಸ್ತಿದ್ರು. ಆದರೆ ಚಂದಮಾಮ ಮಾತಾಡ್ತಿರಲಿಲ್ಲ, ಅಜ್ಜಿ ಮಾತಾಡ್ತಿದ್ರು. ಮಗು ಬೆರಳು ತೋರಿಸಿದ್ರೆ ಉತ್ತರ ಕೊಡ್ತಿದ್ರು. ಮಾತು ಹುಟ್ಟೋದೇ ಆ ಕೊಡುಕೊಳ್ಳುವಿಕೆಯಲ್ಲಿ. ವಿಡಿಯೋ ಮಾತಾಡುತ್ತೆ, ಆದರೆ ನಿಮ್ಮ ಮಗು ಹೇಳೋದನ್ನ ಕೇಳಿಸಿಕೊಳ್ಳಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲೇ ಹೇಳಿದೆ: ಎರಡು ವರ್ಷ ತುಂಬುವ ತನಕ ಪರದೆ ಬೇಡ, ಎರಡರಿಂದ ನಾಲ್ಕು ವರ್ಷದವರಿಗೆ ದಿನಕ್ಕೆ ಒಂದು ಗಂಟೆ ಮೀರಬಾರದು. ಮೂರು ಹೊತ್ತಿನ ಊಟಕ್ಕೆ ಅರ್ಧರ್ಧ ಗಂಟೆ ಅಂದ್ರೂ ಎಷ್ಟಾಯ್ತು? ನೀವೇ ಲೆಕ್ಕ ಹಾಕಿ.

ಸರಿ, ನಿಲ್ಲಿಸೋದು ಹೇಗೆ? ಇಲ್ಲೇ ಎಲ್ಲರೂ ಸೋಲೋದು. ಮೊದಲ ದಿನ ಮಗು ಹತ್ತು ನಿಮಿಷ ಅಳುತ್ತೆ. ಹನ್ನೊಂದನೇ ನಿಮಿಷಕ್ಕೆ ಕನಿಕರ ಬಂದು ಫೋನ್ ಕೊಡ್ತೀವಿ. ಮಗು ಏನು ಕಲಿತು? 'ಹತ್ತು ನಿಮಿಷ ಅತ್ತರೆ ಸಾಲದು, ಹನ್ನೊಂದು ನಿಮಿಷ ಅಳಬೇಕು' ಅಂತ. ಬಿ.ಎಫ್. ಸ್ಕಿನ್ನರ್ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞ ಪ್ರಾಣಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಪ್ರತಿ ಸಲ ಸಿಗೋ ಬಹುಮಾನಕ್ಕಿಂತ ಒಮ್ಮೊಮ್ಮೆ ಸಿಗೋ ಬಹುಮಾನದಿಂದ ಬೆಳೆದ ಅಭ್ಯಾಸ ಬಿಡಿಸೋದು ಕಷ್ಟ. ಅದಕ್ಕೇ ಇವತ್ತು ಇಲ್ಲ, ನಾಳೆ ಹೌದು ಅನ್ನೋ ಆಟ ಬೇಡ. ನಿಲ್ಲಿಸಿದ ಮೊದಲ ಕೆಲವು ದಿನ ಅಳು ಇನ್ನೂ ಜೋರಾಗಬಹುದು. ಅದು ಸೋಲಲ್ಲ, ಹಳೇ ಅಭ್ಯಾಸದ ಕೊನೇ ಪ್ರಯತ್ನ. ಅಜ್ಜಿ, ತಾತ, ಅಪ್ಪ ಎಲ್ಲರೂ ಒಂದೇ ಮಾತಿಗೆ ನಿಲ್ಲಬೇಕು. ಒಬ್ಬರು ಕದ್ದು ಕೊಟ್ರೂ ಲೆಕ್ಕ ಮತ್ತೆ ಸೊನ್ನೆಯಿಂದ ಶುರು.

ಅಳುವ ಮಗುವಿಗೆ ಬೈಬೇಡಿ. ಆಸೆಯನ್ನ ತಡೆದುಕೊಳ್ಳೋ ಮಿದುಳಿನ ಮುಂಭಾಗ ಪೂರ್ತಿ ಬಲಿಯೋದು ಇಪ್ಪತ್ತು ದಾಟಿದ ಮೇಲೆ. ಎರಡು ವರ್ಷದ ಕೂಸಿನಿಂದ ಸಂಯಮ ನಿರೀಕ್ಷಿಸೋದು ನಮ್ಮ ತಪ್ಪು. ಹತ್ತಿರ ಕೂತು 'ಸಿಟ್ಟು ಬಂತಾ ಕಂದಾ?' ಅನ್ನಿ. ಆದರೆ ಫೋನ್ ಮಾತ್ರ ಕೈಗೆ ಬರಬಾರದು. ಅಳುವಾಗ ಬಾಯಿಗೆ ತುತ್ತು ತುರುಕೋದಂತೂ ಬೇಡವೇ ಬೇಡ, ಶ್ವಾಸನಾಳಕ್ಕೆ ಹೋದೀತು.

ಕೆಲಸ ಹಂಚಿಕೊಳ್ಳಿ. ಏನು, ಯಾವಾಗ, ಎಲ್ಲಿ ಅನ್ನೋದು ದೊಡ್ಡವರ ಜವಾಬ್ದಾರಿ. ಎಷ್ಟು ಅನ್ನೋದು ಮಗುವಿನದ್ದು. ಮನೆಯವರ ಜೊತೆಗೇ ಕೂರಿಸಿ. ಸಾರನ್ನ ಕಲಸಿ ಸ್ವಲ್ಪವೇ ಬಡಿಸಿ. ಕೈ ಹಾಕಿ ಮೈಗೆಲ್ಲ ಮೆತ್ತಿಕೊಳ್ಳಲಿ ಬಿಡಿ, ನೆಲ ಒರೆಸಬಹುದು. ಇಪ್ಪತ್ತು ನಿಮಿಷವಾದ ಮೇಲೆ ತಟ್ಟೆ ಎತ್ತಿ. ಹೊಸ ಪಲ್ಯವನ್ನ ಮಗು ಒಪ್ಪೋಕೆ ಹತ್ತು ಸಲ ಮುಂದಿಡಬೇಕಾಗಬಹುದು. ಎರಡೇ ಸಲಕ್ಕೆ 'ನಮ್ಮ ಮಗುಗೆ ಸೊಪ್ಪು ಆಗಲ್ಲ' ಅಂತ ಷರಾ ಬರೀಬೇಡಿ.

ಒಂದು ಎಚ್ಚರಿಕೆ. ಊಟಕ್ಕೆ ಮುಂಚೆ ಬಿಸ್ಕೆಟ್, ದಿನವಿಡೀ ಹಾಲು ಕೊಟ್ರೆ ಹಸಿವು ಎಲ್ಲಿಂದ ಬರುತ್ತೆ? ಹಾಲಿನಲ್ಲಿ ಕಬ್ಬಿಣಾಂಶ ಇಲ್ಲವೆಂಬಷ್ಟು ಕಡಿಮೆ. ದಿನಕ್ಕೆ ಅರ್ಧ ಲೀಟರ್ ಮೀರದಿರಲಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ (2019–21) ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 65ಕ್ಕೂ ಹೆಚ್ಚು ಮಂದಿಗೆ ರಕ್ತಹೀನತೆ ಇದೆ. ರಕ್ತಹೀನತೆ ಬಂದ್ರೆ ಹಸಿವು ಇನ್ನೂ ಕುಗ್ಗುತ್ತೆ. ಮಗು ಬಿಳಿಚಿಕೊಂಡಿದ್ರೆ, ಮಣ್ಣು ಸುಣ್ಣ ಬಳಪ ತಿಂತಿದ್ರೆ, ಎರಡು ವರ್ಷವಾದ್ರೂ ಎರಡು ಪದ ಜೋಡಿಸದಿದ್ರೆ ಡಾಕ್ಟರ್ ಹತ್ರ ಹೋಗಿ.

ಮಗು ಸೊರಗಿದೆಯಾ? ಅದನ್ನ ಹೇಳೋದು ಪಕ್ಕದ ಮನೆಯವರಲ್ಲ, ತಕ್ಕಡಿ. ಅಂಗನವಾಡಿಯಲ್ಲಿ ತೂಕ ಮಾಡಿಸಿ, ತಾಯಿ ಕಾರ್ಡ್‌ನ ಬೆಳವಣಿಗೆ ಪಟದಲ್ಲಿ ಗುರುತು ಹಾಕಿಸಿ. ಗೆರೆ ಮೇಲಕ್ಕೆ ಹೋಗ್ತಿದ್ರೆ ಮಗು ಚೆನ್ನಾಗಿದೆ. ಗೆರೆ ಮಲಗಿದ್ರೆ ಅಥವಾ ಇಳಿದ್ರೆ ಆಸ್ಪತ್ರೆಗೆ ಹೋಗಿ. ಎರಡರಲ್ಲಿ ಯಾವುದಾದ್ರೂ ಸರಿ, ಆ ಅಮ್ಮನನ್ನ ಕಟಕಟೆಯಿಂದ ಮೊದಲು ಕೆಳಗಿಳಿಸಿ. ಆಮೇಲೆ ಬಟ್ಟಲನ್ನ ಒಂದು ಹೊತ್ತಾದ್ರೂ ನೀವು ಹಿಡೀರಿ.